ಎರಡು ಎಂಜಿನ್ನುಗಳ ಮಾದರಿ ವಿಮಾನವೂ ನಮ್ಮ ಕಾಲೇಜುಗಳೂ

ವಿಮಾನಶಾಸ್ತ್ರವನ್ನು ಅಭ್ಯಾಸಮಾಡುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವೀಧರರಾಗಿ ಹೊರಬೀಳುವುದಕ್ಕೆ ಮೊದಲು, ಒಬ್ಬೊಬ್ಬರಾಗಿ ಸಾಧ್ಯವಾಗದಿದ್ದರೆ ಗುಂಪುಗೂಡಿಯಾದರೂ, ಎರಡಾಳುದ್ದ ಹರವಿನ ರೆಕ್ಕೆಗಳೂ ಎರಡು ಎಂಜಿನ್ನುಗಳೂ ಉಳ್ಳ, ನೆಲದ ಮೇಲೆ ನಿಂತು ರೇಡಿಯೋ ತರಂಗಗಳಿಂದ ನಡೆಸಬಹುದಾದ ಮಾದರಿ ವಿಮಾನವೊಂದನ್ನು ಸ್ವಹಸ್ತದಿಂದ ಕಟ್ಟಿ ಹಾರಿಸಿರಬೇಕೆಂಬ ಕಟ್ಟಳೆಯೊಂದಿದ್ದರೆ ಒಳ್ಳೆಯದೆಂಬುದು ಈ ಲೇಖಕನ ಬಹುಕಾಲದ ಅಭಿಪ್ರಾಯ. ಇದನ್ನು ಕೇಳಿದ ಅಧ್ಯಾಪಕಮಿತ್ರರು ಸಾಮಾನ್ಯವಾಗಿ ಮುಗುಳ್ನಗುತ್ತಾರೆ. ಮಾದರಿ ವಿಮಾನವೆಂದರೆ ಭಾನುವಾರದ ವಿನೋದವೆಂದೂ, ಕೈಯಲ್ಲಿ ಹಣವೂ ಬಿಡುವೂ ಇದ್ದವರ ಆಟಿಕೆಯೆಂದೂ, ಗಣಕಯಂತ್ರದ ತೆರೆಯ ಮೇಲೆ ಗಾಳಿಯ ಹರಿವನ್ನೆಲ್ಲ ಲೆಕ್ಕ ಹಾಕಬಹುದಾದ ಈ ದಿನಗಳಲ್ಲಿ ಅಂಟು, ಮರ, ಪೆಟ್ರೋಲುಗಳ ಗೊಡವೆ ವಿದ್ಯಾರ್ಥಿಗೆ ಏಕೆಂದೂ ಅವರ ಎಣಿಕೆ. ಆ ಮುಗುಳ್ನಗೆಗೆ ಉತ್ತರವಾಗಿ ನಾನು ಮೊದಲು ಒಂದು ಇತಿಹಾಸವನ್ನು ಹೇಳಬಯಸುತ್ತೇನೆ.

1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿದ್ದ ನಾಸಾ ಸಂಸ್ಥೆಯ ಹಾರಾಟ ಸಂಶೋಧನ ಕೇಂದ್ರದಲ್ಲಿ ಡೇಲ್ ರೀಡ್ ಎಂಬ ಎಂಜಿನಿಯರರಿದ್ದರು. ರೆಕ್ಕೆಯೇ ಇಲ್ಲದೆ, ಒಡಲಿನ ಆಕಾರದ ಬಲದಿಂದಲೇ ಗಾಳಿಯಲ್ಲಿ ನಿಲ್ಲಬಲ್ಲ ವಾಹನವೊಂದು ಅಂತರಿಕ್ಷದಿಂದ ಭೂಮಿಗೆ ಮರಳಲು ಯೋಗ್ಯವಾದೀತೆಂಬ ವಿಚಾರ ಆಗ ಕಾಗದದ ಮೇಲೆಯೇ ಉಳಿದಿತ್ತು. ಹವ್ಯಾಸಿ ಮಾದರಿಕಾರರೂ ಆಗಿದ್ದ ರೀಡರು ಆ ಆಕಾರವನ್ನು ಚಿಕ್ಕದಾಗಿ ತಾವೇ ಕಟ್ಟಿ, ರೇಡಿಯೋ ನಿಯಂತ್ರಿತ ಮಾದರಿ ವಿಮಾನವೊಂದರ ಹಿಂದೆ ಎಳೆಸಿ ಮೇಲೇರಿಸಿ ಬಿಟ್ಟರು; ಅವರ ಪತ್ನಿ ಅದನ್ನು ಮನೆಯ ಎಂಟು ಮಿಲಿಮೀಟರ್ ಕ್ಯಾಮರಾದಲ್ಲಿ ಚಿತ್ರೀಕರಿಸಿದರು. ಆ ಚಿತ್ರವನ್ನು ಕಂಡ ಮೇಲೆಯೇ ಕೇಂದ್ರದ ನಿರ್ದೇಶಕರಾದ ಪಾಲ್ ಬಿಕ್ಲರು ಮನವೊಲಿದು, ಪ್ಲೈವುಡ್ಡಿನ ಕವಚವುಳ್ಳ, ಮನುಷ್ಯನು ಕುಳಿತು ಹಾರಬಹುದಾದ ಎಂ2-ಎಫ್1 ನಿರ್ಮಾಣಗೊಂಡು, 1963ರ ಆಗಸ್ಟ್ 16ರಂದು ವಿಮಾನದ ಹಿಂದೆ ಹಗ್ಗ ಕಟ್ಟಿಸಿಕೊಂಡು ಮೊದಲ ಸಲ ಮೇಲೇರಿತು. ರೀಡರು ಅಷ್ಟಕ್ಕೇ ನಿಲ್ಲಲಿಲ್ಲ. ಸಹೋದ್ಯೋಗಿ ಎಲ್ಡ್ರೆಜ್ಜರೊಡಗೂಡಿ ಎರಡು ಎಂಜಿನ್ನುಗಳ ದೊಡ್ಡದೊಂದು ಮಾದರಿ ವಿಮಾನವನ್ನು ಕಟ್ಟಿ, ಅದಕ್ಕೆ ‘ಮದರ್’ ಎಂದು ಹೆಸರಿಟ್ಟು, ಅದರ ಹೊಟ್ಟೆಯಡಿಯಲ್ಲಿ ಹೊಸ ಹೊಸ ಆಕಾರಗಳನ್ನು ತೂಗುಹಾಕಿಸಿ, 1968ರ ವೇಳೆಗೆ ನೂರಕ್ಕೂ ಹೆಚ್ಚು ಸಲ ಆಕಾಶದಿಂದ ಬೀಳಬಿಟ್ಟು ಪರೀಕ್ಷಿಸಿದರು. ಮುಂದೆ ಬಾಹ್ಯಾಕಾಶ ಷಟಲ್ಲು ಎಂಜಿನ್ನಿನ ನೆರವಿಲ್ಲದೆ ಓಡುದಾರಿಗೆ ಇಳಿಯಬಹುದೆಂಬ ಧೈರ್ಯಕ್ಕೆ ಆಧಾರವಾದ ಸಂಶೋಧನೆಯ ಮೂಲದಲ್ಲಿ ಈ ‘ಆಟಿಕೆ’ಗಳಿದ್ದುವು.

ಎಂ2-ಎಫ್1ನ್ನು ಎಳೆದೊಯ್ದ ವಿಮಾನವು ನಮ್ಮವರು ಚೆನ್ನಾಗಿ ಬಲ್ಲ, ಎರಡು ಎಂಜಿನ್ನುಗಳ ಸಾಗಣೆ ವಿಮಾನವಾದ ಡಕೋಟಾದ ನೌಕಾಪಡೆಯ ರೂಪವೆಂಬುದು ಗಮನಾರ್ಹ. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಅಮೆರಿಕದ ವಾಯುಪಡೆಯ ದುರಸ್ತಿಕೇಂದ್ರವಾಗಿದ್ದಾಗ ಅಲ್ಲಿನ ಕಮ್ಮಟಗಳಲ್ಲಿ ಬಿಚ್ಚಿ ಜೋಡಿಸಲ್ಪಟ್ಟ ವಿಮಾನಗಳಲ್ಲಿ ಡಕೋಟಾವೂ ಒಂದು. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದುದೂ ಅದೇ. ಆದಕಾರಣ ನಮ್ಮ ಕಾಲೇಜೊಂದು ಮೊದಲ ಸಲ ಇಂತಹ ಕೆಲಸಕ್ಕೆ ಕೈಹಾಕುವುದಾದರೆ ಡಕೋಟಾದ ಎಂಟನೆಯ ಒಂದು ಪ್ರಮಾಣದ ಮಾದರಿಯನ್ನೇ ಆರಿಸಿಕೊಳ್ಳಲೆಂದು ನಾನು ಸೂಚಿಸುತ್ತೇನೆ. 29 ಮೀಟರಿನ ಹರವು 3.6 ಮೀಟರಿಗೆ ಇಳಿಯುತ್ತದೆ. ರೆಕ್ಕೆಯ ವಿಸ್ತೀರ್ಣವಾದರೋ 64ರಲ್ಲಿ ಒಂದು ಪಾಲಾಗುತ್ತದೆ. ತೂಕವು 512ರಲ್ಲಿ ಒಂದು ಪಾಲಾಗಿ, 11,400 ಕಿಲೋಗ್ರಾಮಿನ ಮಹಾಕಾಯ ಸುಮಾರು 22 ಕಿಲೋಗ್ರಾಮಿಗೆ ಬಂದು ನಿಲ್ಲುತ್ತದೆ. ವೇಗವು ಈ ಎರಡು ದಾರಿಗಳನ್ನೂ ಹಿಡಿಯದೆ ಎಂಟರ ವರ್ಗಮೂಲವನ್ನನುಸರಿಸಿ ಕುಗ್ಗುವುದರಿಂದ, ಗಂಟೆಗೆ ಸುಮಾರು 108 ಕಿಲೋಮೀಟರಿನಲ್ಲಿ ಗಾಳಿಯ ಆಸರೆ ಕಳೆದುಕೊಳ್ಳುವ ವಿಮಾನದ ಮಾದರಿಯು 38ರ ಆಸುಪಾಸಿನಲ್ಲಿ ಕಳೆದುಕೊಳ್ಳತಕ್ಕದ್ದು. ಪುಸ್ತಕದಲ್ಲಿ ಒಂದೇ ಸಾಲಿನ ಸೂತ್ರವಾಗಿರುವ ಈ ಮಾತು, ತಾನೇ ಗರಗಸ ಹಿಡಿದು ಪಕ್ಕೆಲುಬುಗಳನ್ನು ಕೊಯ್ದ ವಿದ್ಯಾರ್ಥಿಗೆ ಒಂದೊಂದು ಗ್ರಾಮಿನ ಲೆಕ್ಕವಾಗಿ ಪರಿಣಮಿಸುತ್ತದೆ.

ಎಲ್ಲವನ್ನೂ ಚಿಕ್ಕದು ಮಾಡಬಹುದು, ಗಾಳಿಯನ್ನು ಮಾತ್ರ ಚಿಕ್ಕದು ಮಾಡಲಾಗುವುದಿಲ್ಲ. ವೇಗವೂ ರೆಕ್ಕೆಯ ಅಗಲವೂ ಕೂಡಿಯೇ ಕುಗ್ಗಿದುದರಿಂದ ಗಾಳಿಯ ಜಿಗುಟಿನ ಎದುರು ಅದರ ಓಟದ ಬಲವೆಷ್ಟೆಂಬುದನ್ನು ಹೇಳುವ ರೆನಾಲ್ಡ್ಸ್ ಸಂಖ್ಯೆಯು ಇಪ್ಪತ್ತಮೂರರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಅದೇ ಗಾಳಿ ಈ ಪುಟ್ಟ ರೆಕ್ಕೆಗೆ ಹೆಚ್ಚು ಜಿಗುಟಾಗಿ ತೋರಿ, ಅದರ ಮೇಲ್ಮೈಯನ್ನು ಬೇಗನೆ ಬಿಟ್ಟು ಹೋಗುತ್ತದೆ. ಡಕೋಟಾದ ರೆಕ್ಕೆಯು ತುದಿಗೆ ಹೋದಂತೆ ಕಿರಿದಾಗುವುದರಿಂದ ಮೊದಲು ಆಸರೆ ತಪ್ಪುವುದು ತುದಿಯಲ್ಲಿಯೇ. ಒಂದು ತುದಿ ತಟ್ಟನೆ ಕುಸಿದರೆ ವಿಮಾನವು ಮಗುಚುತ್ತದೆ. ಇದನ್ನು ಬಲ್ಲ ಮಾದರಿಕಾರರು ರೆಕ್ಕೆಯ ತುದಿಯನ್ನು ಒಂದೆರಡು ಡಿಗ್ರಿಯಷ್ಟು ಕೆಳಮುಖವಾಗಿ ತಿರುಚಿ ಕಟ್ಟುತ್ತಾರೆ, ಸೂತ್ರ ಹೇಳಿದ 38ನ್ನು ನಂಬದೆ ಹೆಚ್ಚಿನ ವೇಗದಲ್ಲಿಯೇ ಇಳಿಸುತ್ತಾರೆ.

ಇನ್ನು ಎರಡು ಎಂಜಿನ್ನುಗಳ ವಿಷಯ. ನನ್ನ ವಾದದ ಭಾರವೆಲ್ಲ ನಿಂತಿರುವುದು ಇದರ ಮೇಲೆಯೇ. ಒಂದು ಕೆಟ್ಟರೂ ಇನ್ನೊಂದಿದೆಯಲ್ಲ ಎಂಬ ಸಾಮಾನ್ಯರ ಸಮಾಧಾನವು ಪ್ರಯಾಣಿಕ ವಿಮಾನಕ್ಕೆ ನಿಜವಾಗಿರಬಹುದು. ಮಾದರಿಯ ಮಟ್ಟಿಗೆ ಹೇಳುವುದಾದರೆ, ಕೆಡಬಹುದಾದ ವಸ್ತುಗಳು ಎರಡಾದುವು ಎಂಬುದೇ ಹೆಚ್ಚು ನಿಜ. ಓಡುತ್ತಿರುವ ಜೋಡಿಯಲ್ಲಿ ಒಂದು ಎತ್ತು ಮುಗ್ಗರಿಸಿದರೆ ಗಾಡಿಯು ಅದರ ಕಡೆಗೇ ಹೊರಳಿಕೊಳ್ಳುವಂತೆ, ಒಂದು ಎಂಜಿನ್ನು ನಿಂತೊಡನೆ ವಿಮಾನದ ಮೂಗು ನಿಂತ ಎಂಜಿನ್ನಿನ ಕಡೆಗೆ ತಿರುಗುತ್ತದೆ, ಆ ಕಡೆಯ ರೆಕ್ಕೆ ತಗ್ಗುತ್ತದೆ. ತಗ್ಗಿದ ರೆಕ್ಕೆಯನ್ನು, ಅದರ ಹಿಂಬದಿಯ ಚಲಿಸುವ ಪಟ್ಟಿಯಾದ ಏಲರಾನಿನಿಂದ ಎತ್ತುವುದು ಅಭ್ಯಾಸಬಲದ ಮೊದಲ ಪ್ರತಿಕ್ರಿಯೆ. ಆದರೆ ಹಾಗೆ ಕೆಳಗಿಳಿದ ಏಲರಾನು ಆ ಕಡೆಯ ಗಾಳಿಯ ಎಳೆತವನ್ನು ಹೆಚ್ಚಿಸಿ ಮೂಗನ್ನು ಇನ್ನಷ್ಟು ತಿರುಗಿಸುತ್ತದೆ. ಮಾಡತಕ್ಕದ್ದು ಬೇರೆ: ಬದುಕಿರುವ ಎಂಜಿನ್ನಿನ ಥ್ರಾಟಲನ್ನು ಇಳಿಸಬೇಕು, ಮೂಗನ್ನು ತಗ್ಗಿಸಿ ವೇಗವನ್ನು ಕಾಪಾಡಿಕೊಳ್ಳಬೇಕು, ಬಾಲದ ಚುಕ್ಕಾಣಿಯಾದ ರಡ್ಡರಿನಿಂದ ದಿಕ್ಕನ್ನು ನೇರಮಾಡಬೇಕು. ಮೇಲೇರಿಸಬೇಕೆಂಬ ಮನಸ್ಸಿನ ಹಂಬಲಕ್ಕೆ ವಿರುದ್ಧವಾಗಿ ಶಕ್ತಿಯನ್ನು ಬಿಟ್ಟುಕೊಡುವ ಈ ವಿವೇಕವನ್ನು ಪರೀಕ್ಷೆಯ ಉತ್ತರಪತ್ರಿಕೆ ಕಲಿಸಲಾರದು.

ಮಾದರಿಯಲ್ಲಿ ಈ ಕಷ್ಟವು ಮೂಲವಿಮಾನಕ್ಕಿಂತ ತೀವ್ರವಾಗಿರುವುದಕ್ಕೆ ಕಾರಣಗಳಿವೆ. ಡಕೋಟಾದ 1200 ಅಶ್ವಶಕ್ತಿಯ ಎಂಜಿನ್ನನ್ನು ಅನುಪಾತಕ್ಕೆ ಸರಿಯಾಗಿ ಇಳಿಸಿದರೆ ಒಂದು ಅಶ್ವಶಕ್ತಿಗೂ ಕಡಮೆಯಾಗುತ್ತದೆ. ನಾವು ಕೂರಿಸುವ ಸಣ್ಣ ಪೆಟ್ರೋಲ್ ಎಂಜಿನ್ನುಗಳು ಅದರ ಹಲವು ಪಟ್ಟು ಶಕ್ತಿಯುಳ್ಳವು. ಶಕ್ತಿ ಹೆಚ್ಚಾದಷ್ಟೂ ಒಂದು ನಿಂತಾಗ ಇನ್ನೊಂದರ ಎಳೆತ ಕ್ರೂರವಾಗುತ್ತದೆ. ಎರಡನೆಯದಾಗಿ, ಒಳಗೆ ಕುಳಿತ ಪೈಲಟ್ಟಿಗೆ ರಡ್ಡರಿನ ಪೆಡಲುಗಳ ಒತ್ತಡವೂ ಆಸನದ ವಾಲುವಿಕೆಯೂ ಆ ಕ್ಷಣದಲ್ಲಿಯೇ ಸುದ್ದಿ ಮುಟ್ಟಿಸುತ್ತವೆ. ನೆಲದ ಮೇಲೆ ನಿಂತವನಿಗೆ ಕಣ್ಣು ಕಿವಿಗಳೇ ಗತಿ, ಅದರಲ್ಲಿಯೂ ಓಡುತ್ತಿರುವ ಎಂಜಿನ್ನಿನ ಶಬ್ದವು ನಿಂತದ್ದರ ಮೌನವನ್ನು ಮುಚ್ಚಿಬಿಡುತ್ತದೆ. ಇದಲ್ಲದೆ, ಎರಡು ಪ್ರೊಪೆಲ್ಲರುಗಳೂ ಹಿಂದಿನಿಂದ ನೋಡುವವನಿಗೆ ಗಡಿಯಾರದ ಮುಳ್ಳಿನಂತೆ ತಿರುಗುವ ವಿಮಾನದಲ್ಲಿ, ಮೂಗೆತ್ತಿ ಏರುವಾಗ ಬಲಗಡೆಯ ಪ್ರೊಪೆಲ್ಲರಿನ ಎಳೆತವು ಒಡಲಿನಿಂದ ಹೆಚ್ಚು ದೂರದಲ್ಲಿ ಬೀಳುವುದರಿಂದ, ಎಡ ಎಂಜಿನ್ನು ನಿಲ್ಲುವುದು ಬಲ ಎಂಜಿನ್ನು ನಿಲ್ಲುವುದಕ್ಕಿಂತ ಅಪಾಯಕರ. ಎಂಜಿನ್ನುಗಳನ್ನು ಒಂದೆರಡು ಡಿಗ್ರಿ ಹೊರಮುಖವಾಗಿ ಕೂರಿಸುವುದು, ಒಂದೊಂದಕ್ಕೂ ಪ್ರತ್ಯೇಕ ಟ್ಯಾಂಕಿಡುವುದು, ಸುತ್ತುಗಳನ್ನು ಅಳೆದು ಎರಡನ್ನೂ ಸರಿದೂಗಿಸುವುದು, ಬಿಸಿಯಾಗಿ ನಿಲ್ಲದಂತೆ ಇಂಧನವನ್ನು ತುಸು ಧಾರಾಳವಾಗಿ ಬಿಡುವುದು ಇವೆಲ್ಲ ಅನುಭವಿಗಳು ಕಂಡುಕೊಂಡ ಉಪಾಯಗಳು.

ಇದು ಬರಿಯ ಹವ್ಯಾಸಿಗಳ ಚಿಂತೆಯೆಂದು ತಿಳಿಯುವವರು ನಮ್ಮ ಊರಿನದೇ ದುಃಖವೊಂದನ್ನು ನೆನೆಯಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ‘ಸರಸ್’ ಎರಡು ಎಂಜಿನ್ನುಗಳ ವಿಮಾನ. 2004ರ ಮೇ 29ರಂದು ಅದು ಮೊದಲು ಹಾರಿದಾಗ ನಾಡೆಲ್ಲ ಹೆಮ್ಮೆಪಟ್ಟಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಪರೀಕ್ಷಾವಿಮಾನವು, ಒಂದು ಎಂಜಿನ್ನನ್ನು ಆಕಾಶದಲ್ಲಿಯೇ ನಿಲ್ಲಿಸಿ ಪುನಃ ಚಾಲನೆಗೊಳಿಸುವ ಪರೀಕ್ಷೆಯ ಸಮಯದಲ್ಲಿ, ಬಿಡದಿಯ ಬಳಿ ನೆಲಕ್ಕುರುಳಿ ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣತೆತ್ತರು. ಮಾದರಿಯೊಂದನ್ನು ಹಾರಿಸಿದ್ದರೆ ಇದು ತಪ್ಪುತ್ತಿತ್ತೆಂದು ಹೇಳುವ ಉದ್ಧಟತನ ನನ್ನದಲ್ಲ. ಒಂದು ಎಂಜಿನ್ನಿನ ಹಾರಾಟವೆಂಬ ಪ್ರಕರಣವು ಯಾವ ಗಾಂಭೀರ್ಯದ್ದೆಂಬುದನ್ನು, ಮನುಷ್ಯಪ್ರಾಣವನ್ನು ಪಣಕ್ಕಿಡದೆ, ಇಪ್ಪತ್ತರ ಹರೆಯದಲ್ಲಿಯೇ ಮೈಗೆ ತಟ್ಟುವಂತೆ ಅರಿಯುವ ದಾರಿ ಇದೊಂದೇ ಎಂದಷ್ಟೆ ನನ್ನ ಮಾತು. ದೊಡ್ಡ ದೇಶಗಳ ದೊಡ್ಡ ಸಂಸ್ಥೆಗಳೂ ಈ ದಾರಿಯನ್ನು ಬಿಟ್ಟಿಲ್ಲ. ಬೋಯಿಂಗ್ ಸಂಸ್ಥೆ ಮತ್ತು ನಾಸಾ ಸೇರಿ, ಒಡಲೂ ರೆಕ್ಕೆಯೂ ಒಂದಾಗಿ ಬೆಸೆದ ಹೊಸ ಬಗೆಯ ವಿಮಾನವನ್ನು ಪರೀಕ್ಷಿಸಬೇಕಾದಾಗ 6.4 ಮೀಟರ್ ಹರವಿನ, ನೆಲದಿಂದ ನಡೆಸುವ ಮಾದರಿಯನ್ನೇ ಕಟ್ಟಿಸಿದರು. 2012ರಲ್ಲಿ ಹಾರಿದ ಅದರ ಎಕ್ಸ್-48ಸಿ ರೂಪಕ್ಕೆ ಇದ್ದುದು ಎರಡೇ ಎಂಜಿನ್ನುಗಳು.

ಇಂದು ಕಟ್ಟಿ ಮುಗಿಸಿದ ವಿಮಾನಗಳೇ ಪೆಟ್ಟಿಗೆಯಲ್ಲಿ ಬರುತ್ತವೆ. ವಿದ್ಯುನ್ಮೋಟರುಗಳು ಬಂದ ಮೇಲೆ ಒಂದು ನಿಲ್ಲುವ ಭಯವೂ ಬಹಳ ಮಟ್ಟಿಗೆ ತಗ್ಗಿದೆ. ಹಾರಿಸುವ ಸುಖವನ್ನಷ್ಟೇ ಬಯಸುವವರು ಅವನ್ನು ಕೊಳ್ಳಲಿ, ನನ್ನ ಆಕ್ಷೇಪಣೆಯಿಲ್ಲ. ಆದರೆ ವಿದ್ಯಾರ್ಥಿಗೆ ಪೆಟ್ಟಿಗೆಯ ವಿಮಾನ ಬೇಡ. ರೆಕ್ಕೆಯ ತೊಲೆಗೆ ಎಷ್ಟು ದಪ್ಪದ ಮರ ಬೇಕೆಂದು ತಾನೇ ನಿರ್ಧರಿಸಿ, ಮರಳಿನ ಚೀಲಗಳನ್ನು ಹೇರಿ ಅದು ಎಷ್ಟು ಬಾಗುತ್ತದೆಂದು ತಾನೇ ನೋಡಿದವನಿಗೆ ಗೊತ್ತಾಗುವುದು ಆ ಪೆಟ್ಟಿಗೆಯಲ್ಲಿ ಸಿಕ್ಕುವುದಿಲ್ಲ. ಬಾಲದಲ್ಲಿ ಅಜಾಗರೂಕತೆಯಿಂದ ಹಚ್ಚಿದ ಹೆಚ್ಚು ಅಂಟು ಗುರುತ್ವಕೇಂದ್ರವನ್ನು ಹಿಂದಕ್ಕೆಳೆದು, ಅದನ್ನು ಸರಿಪಡಿಸಲು ಮೂಗಿನಲ್ಲಿ ಹಲವು ಪಟ್ಟು ಸೀಸವನ್ನು ಕೇಳುತ್ತದೆ. ರಡ್ಡರಿನ ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ವೇಗ ಏರಿದಾಗ ಅದು ಪಟಪಟನೆ ಅದುರಿ ಮುರಿಯಬಹುದು. ರಿಸೀವರಿಗೆ ಎರಡು ಬ್ಯಾಟರಿಗಳನ್ನಿಟ್ಟು, ಸಂಕೇತ ಕಡಿದುಹೋದರೆ ಎಂಜಿನ್ನುಗಳೆರಡರ ವೇಗವೂ ತಾನಾಗಿ ಇಳಿಯುವಂತೆ ಏರ್ಪಡಿಸುವುದೂ ಕಟ್ಟುವವನ ಹೊಣೆಯೇ. ಕಾರ್ಖಾನೆಯಲ್ಲಿ ಈ ಹೊಣೆಯು ನೂರು ಮಂದಿಗೆ ಹಂಚಿಹೋಗಿರುತ್ತದೆ. ಇಲ್ಲಿ ತಪ್ಪು ಯಾರದೆಂದು ಕೇಳುವ ಪ್ರಸಂಗವೇ ಬಾರದು.

ಕಾನೂನು ಅಡ್ಡಬರುತ್ತದೆಂಬುದು ಒಂದು ನೆಪ. 2021ರ ಡ್ರೋನ್ ನಿಯಮಗಳು 25 ಕಿಲೋಗ್ರಾಮು ಮೀರದ, ಶಿಕ್ಷಣ, ಸಂಶೋಧನೆ ಅಥವಾ ವಿನೋದಕ್ಕಾಗಿ ಕಣ್ಣಳತೆಯೊಳಗೆ ಹಾರಿಸುವ ಮಾದರಿಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿ, ಅವಕ್ಕೆ ವಿನ್ಯಾಸದ ಪ್ರಮಾಣಪತ್ರ ಬೇಡವೆಂದಿವೆ. 22 ಕಿಲೋಗ್ರಾಮಿನ ಡಕೋಟಾ ಆ ಮಿತಿಯೊಳಗೇ ಬರುತ್ತದೆ. ಹಾರಿಸುವವನಿಗೆ ಪರವಾನಗಿ ಬೇಕೆಂಬ ನಿಯಮವನ್ನು ನಾನು ಆಕ್ಷೇಪಿಸುವುದಿಲ್ಲ. ಆ ತೂಕದ ವಸ್ತುವು ಜನರ ಮೇಲೆ ಬಿದ್ದರೆ ಕೊಲ್ಲಬಲ್ಲದು. ನಿಜವಾದ ಅಡ್ಡಿಯು ನೆಲದ್ದು. ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್.ಎ.ಎಲ್. ಎಂದು ನಾಲ್ಕು ನಿಲ್ದಾಣಗಳ ನಡುವೆ ಬೆಂಗಳೂರಿನ ಆಕಾಶದಲ್ಲಿ ಮಾದರಿಗೆ ಎಡೆ ದೊರೆಯುವುದು ಕಷ್ಟ; ವಿಮಾನೋದ್ಯಮದ ರಾಜಧಾನಿಯೆಂದು ತನ್ನನ್ನು ಕರೆದುಕೊಳ್ಳುವ ನಗರವು ಹಾರುವ ವಿದ್ಯಾರ್ಥಿಯನ್ನು ಊರಾಚೆಗೆ ಕಳಿಸುತ್ತದೆ. ಹೋಗಲಿ, ಊರಾಚೆಗೇ ಹೋಗೋಣ. ರಕ್ಷಣಾ ಸಂಶೋಧನ ಸಂಸ್ಥೆಯು ಎರಡು ಎಂಜಿನ್ನುಗಳ, ಮನುಷ್ಯನಿಲ್ಲದ ‘ತಪಸ್’ ವಿಮಾನವನ್ನು 2016ರಲ್ಲಿ ಮೊದಲು ಹಾರಿಸಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ. ಆ ರಕ್ಷಿತ ಪ್ರದೇಶವನ್ನೇ ಕೇಳುವುದು ಅವಿವೇಕ; ಆದರೆ ಅಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ಸರ್ಕಾರವು ಇನ್ನೂರು ಮೀಟರಿನ ಒಂದು ಡಾಂಬರು ಓಡುದಾರಿಯನ್ನೂ ಒಂದು ತಗಡಿನ ಕೊಟ್ಟಿಗೆಯನ್ನೂ ಕಟ್ಟಿಕೊಟ್ಟು ಎಲ್ಲ ಕಾಲೇಜುಗಳಿಗೂ ತೆರೆದಿಡುವುದು ಬೊಕ್ಕಸಕ್ಕೆ ಭಾರವಾಗುವ ಮಾತಲ್ಲ.

ಉಳಿದಿರುವುದು ಪ್ರಾಂಶುಪಾಲರ ಪ್ರಶ್ನೆ: ಎರಡು ವರ್ಷ ಕಟ್ಟಿದ್ದು ಎರಡನೆಯ ನಿಮಿಷದಲ್ಲಿ ಪುಡಿಯಾದರೆ ಆ ಗುಂಪಿಗೆ ಅಂಕ ಕೊಡುವುದು ಹೇಗೆ? ಹೆಚ್ಚಿನ ಮಾದರಿಗಳು ಒಂದಲ್ಲ ಒಂದು ದಿನ ಹಾಗೆಯೇ ಆಗುತ್ತವೆಂಬುದನ್ನು ಮೊದಲೇ ಒಪ್ಪಿಕೊಂಡು ಪಠ್ಯಕ್ರಮವನ್ನು ಬರೆಯಬೇಕು. ಹಾರಾಟಕ್ಕೆ ಐವತ್ತು ಅಂಕಗಳಿರಲಿ. ಬಿದ್ದರೆ, ಚೂರುಗಳನ್ನು ಆಯ್ದು ತಂದು, ಯಾವ ಎಂಜಿನ್ನು ಮೊದಲು ನಿಂತಿತು, ಏಕೆ ನಿಂತಿತು, ಕೋಲು ಹಿಡಿದವನು ಆ ಮೂರು ಕ್ಷಣಗಳಲ್ಲಿ ಏನು ಮಾಡಿದನು ಎಂಬುದನ್ನು ಮರೆಮಾಚದೆ ಬರೆದ ವರದಿಗೆ ಉಳಿದ ಐವತ್ತನ್ನು ಕೊಡಲಿ, ಆ ವರದಿಯನ್ನು ಮುಂದಿನ ವರ್ಷದ ಗುಂಪು ಮರವನ್ನು ಮುಟ್ಟುವ ಮೊದಲು ಓದಲಿ.