ಪಿಕಪ್ ಫುಟ್‌ಸ್ಟೆಪ್: ಹತ್ತಲಿಕ್ಕೆ ಹಾಕಿಸಿದ್ದು, ನಿಲ್ಲಲಿಕ್ಕೆ ಬಳಸಿದರೆ ಹೊಣೆ ಯಾರದು?

ಬಸವಕಲ್ಯಾಣ/ಹುಮನಾಬಾದ್: ಹೊಸ ಪಿಕಪ್ ತಂದವರು ಪೂಜೆ ಮುಗಿಸಿದ ಮೇಲೆ ಹೋಗುವ ಮೊದಲ ಜಾಗ ಬಹಳ ಸಲ ವೆಲ್ಡಿಂಗ್ ಅಂಗಡಿ. ಬಾಡಿಗೆ ಒಂದು ಕ್ಯಾರಿಯರ್, ಮುಂದೆ ಒಂದು ಗಾರ್ಡ್, ಎರಡೂ ಬದಿಗೆ ಫುಟ್‌ಸ್ಟೆಪ್, ಹಿಂದೆ ಒಂದು ಅಗಲವಾದ ಪಟ್ಟಿ. ಬೊಲೆರೊ ಪಿಕಪ್ ಇರಲಿ, ದೋಸ್ತ್ ಇರಲಿ, ನಮ್ಮ ಕಡೆ ಛೋಟಾ ಹಾಥಿ ಅಂತಲೇ ಕರೆಯುವ ಟಾಟಾ ಏಸ್ ಇರಲಿ, ಇಷ್ಟು ಕೆಲಸ ಆಗದಿದ್ದರೆ ಗಾಡಿ ಪೂರ್ತಿ ಆಯ್ತು ಅನ್ನಿಸುವುದಿಲ್ಲ.

ಫುಟ್‌ಸ್ಟೆಪ್ ಬೇಕು ಅನ್ನುವುದರಲ್ಲಿ ತಪ್ಪೇನೂ ಇಲ್ಲ. ದಿನಕ್ಕೆ ಇಪ್ಪತ್ತು ಸಲ ಗಾಡಿ ಹತ್ತಿ ಇಳಿಯುವ ಹಮಾಲರಿಗೆ, ಮೊಣಕಾಲು ನೋವಿರುವ ಹಿರಿಯರಿಗೆ, ಸೀರೆ ಉಟ್ಟ ಹೆಣ್ಮಕ್ಕಳಿಗೆ ಅದು ನಿಜವಾದ ಅನುಕೂಲ. ತೊಡಕು ಶುರುವಾಗುವುದು ಗಾಡಿ ಹೊರಟ ಮೇಲೆ. ಹತ್ತಲಿಕ್ಕೆ ಮಾಡಿದ ಮೆಟ್ಟಿಲ ಮೇಲೆ ಇಬ್ಬರು, ಹಿಂದಿನ ಪಟ್ಟಿಯ ಮೇಲೆ ಮೂವರು ನಿಂತು ಹೋಗುತ್ತಾರೆ. "ಎರಡೇ ಕಿಲೋಮೀಟರ್ ಅದ, ನಿಂತ್ಕೊ" ಎಂಬ ಮಾತು ಸೋಯಾ ರಾಶಿ ಕಾಲದಲ್ಲೂ ತೊಗರಿ ಕೊಯ್ಲಿನಲ್ಲೂ ಕೇಳಿಸುತ್ತದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಕಲಂ 123 ಇದಕ್ಕೇ ಇರುವ ಕಲಂ. ವಾಹನದ ಫುಟ್‌ಬೋರ್ಡ್ ಮೇಲೆ ಅಥವಾ ಬಾಡಿಯ ಹೊರಗೆ ಯಾರನ್ನೂ ಒಯ್ಯಬಾರದು ಎಂದು ಚಾಲಕನಿಗೆ ಹೇಳುತ್ತದೆ. ಫುಟ್‌ಬೋರ್ಡ್, ಟಾಪ್, ಬಾನೆಟ್ ಮೇಲೆ ಪ್ರಯಾಣ ಮಾಡಬಾರದು ಎಂದು ನಿಲ್ಲುವವನಿಗೂ ಹೇಳುತ್ತದೆ. ಅಂದರೆ ತಪ್ಪು ಇಬ್ಬರದೂ. ದೂರ ಎರಡು ಕಿಲೋಮೀಟರೋ ಇಪ್ಪತ್ತೋ ಎಂಬ ಲೆಕ್ಕ ಅಲ್ಲಿ ಇಲ್ಲ.

ಫುಟ್‌ಸ್ಟೆಪ್ ಹಾಕಿಸುವುದೇ ತಪ್ಪಾ? ಇದಕ್ಕೆ ನೋಡಬೇಕಾದದ್ದು ಕಲಂ 52. ಅದರಲ್ಲಿ ಫುಟ್‌ಸ್ಟೆಪ್ ಎಂಬ ಹೆಸರಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸಬಾರದು ಎಂದಷ್ಟೇ ಅದು ಹೇಳುತ್ತದೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಗಟ್ಟಿ ಮಾಡಿತು. ಸರಕು ವಾಹನದ ನೋಂದಣಿ ವಿವರದಲ್ಲಿ ಒಟ್ಟು ಉದ್ದ, ಅಗಲ, ಎತ್ತರವೂ ಸೇರಿರುತ್ತವೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಬಾಡಿಯ ಅಗಲದ ಒಳಗೇ ಇರುವ ಸಣ್ಣ ಮೆಟ್ಟಿಲಿಗೂ, ಗಾಡಿಯ ಹಿಂದೆ ಒಂದೂವರೆ ಅಡಿ ಚಾಚಿಕೊಂಡ ಕಬ್ಬಿಣದ ಕಟ್ಟೆಗೂ ವ್ಯತ್ಯಾಸ ಬರುವುದು ಇಲ್ಲೇ. ಎರಡನೆಯದು ಗಾಡಿಯ ಉದ್ದವನ್ನೇ ಬದಲಿಸುತ್ತದೆ.

2019ರ ತಿದ್ದುಪಡಿಯಲ್ಲಿ ಕಲಂ 182ಎ ಬಂತು. ಕಾಯ್ದೆ ಒಪ್ಪದ ರೀತಿಯಲ್ಲಿ ಗಾಡಿ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ ₹5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ದಂಡ ಬರುವುದು ಮಾಲೀಕನ ಹೆಸರಿಗೇ ಹೊರತು ವೆಲ್ಡಿಂಗ್ ಮಾಡಿಕೊಟ್ಟವನ ಹೆಸರಿಗಲ್ಲ. ಮುಂದಿನ ಬುಲ್ ಬಾರ್ ಹಾಕಿಸುವವರೂ ಇದನ್ನು ನೆನಪಿಡಬೇಕು. ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿದೆ.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಎಫ್‌ಸಿ ಮುಂಚಿನ ದಿನ ಬಿಚ್ಚಿಟ್ಟು, ಮರುದಿನ ಮತ್ತೆ ಹಾಕುವ ಉಪಾಯ ಕಚೇರಿ ಮುಂದೆ ನಡೆಯಬಹುದು. ಅಪಘಾತವಾದ ಮೇಲೆ ಗಾಡಿ ಯಾವ ಸ್ಥಿತಿಯಲ್ಲಿ ಬಿದ್ದಿರುತ್ತದೋ ಅದೇ ಸ್ಥಿತಿಯಲ್ಲಿ ಪಂಚನಾಮೆ ಆಗುತ್ತದೆ.

ದಂಡಕ್ಕಿಂತ ದೊಡ್ಡದು ವಿಮೆ

ಬಹಳ ಮಂದಿಗೆ ಗೊತ್ತಿರದ ಮಾತು ಇದು. "ಇನ್ಶೂರೆನ್ಸ್ ಅದಲ್ಲ" ಎಂಬ ಧೈರ್ಯ ಸರಕು ವಾಹನದಲ್ಲಿ ಕೆಲಸಕ್ಕೆ ಬರುವುದು ಕಡಿಮೆ. ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. 1994ರ ತಿದ್ದುಪಡಿಯ ನಂತರ ಮಾಲಿನ ಯಜಮಾನನಿಗೆ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ. ಆದರೆ ಅವನು ಕ್ಯಾಬಿನ್ ಒಳಗೆ ಕೂತಿರಬೇಕು ಎಂದು ಆಮೇಲೆ ಬಂದ ಚೊಲ್ಲೇಟಿ ಭರತಮ್ಮ ಪ್ರಕರಣದಲ್ಲಿ ಕೋರ್ಟ್ ಹೇಳಿತು.

ಇದನ್ನು ಅಂಗಡಿಕಾರರ ಭಾಷೆಯಲ್ಲಿ ಹೇಳಿದರೆ ಹೀಗೆ: ಹುಮನಾಬಾದ್ ಮಾರ್ಕೆಟ್‌ನಿಂದ ಕಿರಾಣಿ ಮಾಲು ತುಂಬಿಸಿ ಬಾಡಿಗೆ ಪಿಕಪ್ ಕಳಿಸಿದಿರಿ. ಮಾಲಿನ ಜತೆ ನಿಮ್ಮ ಒಬ್ಬ ಆಳು ಕ್ಯಾಬಿನ್‌ನಲ್ಲಿ ಕೂತರೆ ಅದಕ್ಕೆ ಕಾನೂನಿನ ಆಧಾರ ಇದೆ. ಇನ್ನಿಬ್ಬರು ಫುಟ್‌ಸ್ಟೆಪ್ ಮೇಲೆ ನಿಂತು, ಒಬ್ಬ ಬಿದ್ದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳುವ ದಾರಿ ತೆರೆದಿರುತ್ತದೆ. ಕೆಲವು ಪ್ರಕರಣಗಳಲ್ಲಿ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ" ಎಂಬ ಆದೇಶ ಬಂದಿದೆ. ಆಗ ಸತ್ತವರ ಮನೆಗೆ ದುಡ್ಡು ಸಿಗುತ್ತದೆ. ಸಾಲ ಮಾಡಿ ಗಾಡಿ ತಂದವನ ಗಾಡಿಯೂ ಹೋಗುತ್ತದೆ, ಹೊಲವೂ ಹೋಗುತ್ತದೆ.

ನಿಲ್ಲುವವರು ಯಾಕೆ ನಿಲ್ಲುತ್ತಾರೆ?

ಬರೀ ದಂಡದಿಂದ ಇದು ನಿಲ್ಲುವುದಿಲ್ಲ. 2022ರ ನವೆಂಬರ್ 4ರಂದು, ಮೊದಲು ಹುಮನಾಬಾದ್ ತಾಲ್ಲೂಕಿನಲ್ಲೇ ಇದ್ದ ಈಗಿನ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡಾ ಬಳಿ ಆಟೊ ಮತ್ತು ಲಾರಿ ಡಿಕ್ಕಿಯಾಗಿ 7 ಮಹಿಳೆಯರು ಸತ್ತರು. ಕೂಲಿ ಮುಗಿಸಿ ಮನೆಗೆ ಹೊರಟವರು ಅವರು. ಅದು ಆಟೊ, ಪಿಕಪ್ ಅಲ್ಲ. ಆದರೆ ಸಿಕ್ಕ ಗಾಡಿ ಹತ್ತಿ ಮನೆ ಸೇರಬೇಕಾದ ಅನಿವಾರ್ಯತೆ ಒಂದೇ. ಛತ್ತೀಸಗಡದ ಕಬೀರಧಾಮ ಜಿಲ್ಲೆಯಲ್ಲಿ 2024ರ ಮೇ 20ರಂದು ತೆಂದು ಎಲೆ ಕೀಳಲು ಹೋಗಿದ್ದವರ ಪಿಕಪ್ ಕಂದಕಕ್ಕೆ ಬಿದ್ದು 19 ಮಂದಿ ತೀರಿಕೊಂಡರು.

2023ರ ಜೂನ್ 11ರಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ಆದರೆ ಬಸ್ ಹೋಗುವುದು ಊರಿಂದ ಊರಿಗೆ. ಕೂಲಿ ಇರುವುದು ಹೊಲದಲ್ಲಿ, ಹೋಗಬೇಕಾದದ್ದು ಬೆಳಗಿನ ಹೊತ್ತು, ಎಲ್ಲರೂ ಒಟ್ಟಿಗೆ. ಆ ಜಾಗ ತುಂಬುವುದು ಪಿಕಪ್ಪೇ. ಒಳಗೆ ಜಾಗ ಮುಗಿದಾಗ ಮೆಟ್ಟಿಲು ಸೀಟಾಗುತ್ತದೆ. ಗಂಡಸರು ಹೊರಗೆ ನಿಂತು ಹೆಂಗಸರಿಗೆ ಒಳಗೆ ಜಾಗ ಬಿಡುವುದೂ ಉಂಟು. ಅವರ ಮರ್ಯಾದೆ ದೊಡ್ಡದು, ಆದರೆ ಹೆದ್ದಾರಿ ಅದನ್ನು ನೋಡುವುದಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿ 65ರಲ್ಲಿ ಲಾರಿಗಳು ಓಡುವ ವೇಗಕ್ಕೆ ಸಸ್ತಾಪುರ ಬಂಗ್ಲಾ ಕ್ರಾಸ್‌ನಲ್ಲಿ ಒಂದು ಬ್ರೇಕ್ ಸಾಕು, ಹಿಂದೆ ನಿಂತವನ ಕೈ ಜಾರಲಿಕ್ಕೆ.

ಹಾಕಿಸುವುದಾದರೆ ಹೇಗೆ?

* ಆಯಾ ಮಾಡೆಲ್‌ಗೆ ಕಂಪನಿ ಕೊಡುವ ಫುಟ್‌ಸ್ಟೆಪ್ ಸಿಕ್ಕರೆ ಅದೇ ಒಳ್ಳೆಯದು. ಬಿಲ್ ಇಟ್ಟುಕೊಳ್ಳಿ.
* ಬ್ರಾಕೆಟ್‌ಗಳನ್ನು ಚಾಸಿಯಲ್ಲಿ ಮೊದಲೇ ಇರುವ ತೂತುಗಳಿಗೆ ನಟ್-ಬೋಲ್ಟ್ ಹಾಕಿ ಕೂರಿಸಬೇಕು. ಚಾಸಿಗೆ ಹೊಸ ತೂತು ಹೊಡೆಯುವುದು, ನೇರ ವೆಲ್ಡಿಂಗ್ ಮಾಡುವುದು ಬೇಡ. ಭಾರ ಹೊತ್ತು ಅದುರುವಾಗ ಬಿರುಕು ಬಿಡುವುದು ಅಂಥ ಜಾಗದಿಂದಲೇ.
* ಗಾಡಿ ಮೇಲೆ ಎಲ್ಲೇ ವೆಲ್ಡಿಂಗ್ ಮಾಡಿಸಿದರೂ ಮೊದಲು ಬ್ಯಾಟರಿ ವೈರ್ ಬಿಚ್ಚಿಸಿ. ಬಿಎಸ್6 ಗಾಡಿಗಳಲ್ಲಿ ಇಸಿಎಂ, ಸೆನ್ಸಾರ್ ಸುಟ್ಟರೆ ಫುಟ್‌ಸ್ಟೆಪ್‌ಗಿಂತ ಹತ್ತು ಪಟ್ಟು ಖರ್ಚು.
* ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ಬಿಸಿಯಾಗುವ ಸೈಲೆನ್ಸರ್ ಹತ್ತಿರ ಬ್ರಾಕೆಟ್ ತಾಗಬಾರದು.
* ಬಾಡಿಯ ಅಗಲ ದಾಟಬಾರದು. ಹೊರಗೆ ಚಾಚಿದ ಕಬ್ಬಿಣದ ಅಂಚು ಸಂತೆಯ ದಿನ ನಡೆದು ಹೋಗುವವರ ಕಾಲು, ಬೈಕ್ ಸವಾರರ ಮೊಣಕಾಲು ಕೊಯ್ಯುತ್ತದೆ.
* ನಯವಾದ ಪೈಪ್ ಬೇಡ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ಚಪ್ಪಲಿ ಅದರ ಮೇಲೆ ನಿಲ್ಲುವುದಿಲ್ಲ. ಉಬ್ಬು ಗೆರೆ ಇರುವ ಚೆಕರ್ಡ್ ಶೀಟ್, ಮಣ್ಣು ಕೆಳಗೆ ಬೀಳಲು ತೂತು ಇರಲಿ.
* ತೀರ ಕೆಳಗೆ ಇಳಿಸಬೇಡಿ. ಹೊಲದ ದಾರಿಯ ದಿಬ್ಬಕ್ಕೆ ಒಮ್ಮೆ ಬಡಿದರೆ ಬಾಗುತ್ತದೆ. ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ಮಾಡಿಸಿ.

ಮೆಟ್ಟಿಲು ಒಂದು ಪಾದ ಇಡುವಷ್ಟೇ ಅಗಲ ಇದ್ದರೆ ಸಾಕು. ಅಗಲ ಹೆಚ್ಚಾದಷ್ಟೂ ನಿಲ್ಲುವ ಆಸೆ ಹೆಚ್ಚು. ಹಿಂದಿನ ಬಾಗಿಲ ಬಳಿ ಹತ್ತಲು ಅನುಕೂಲ ಬೇಕಿದ್ದರೆ ಮಡಚಿ ಒಳಗಿಡುವ ಸಣ್ಣ ಏಣಿ ಮಾಡಿಸಬಹುದು. ಗಾಡಿ ಹೊರಟಾಗ ಏಣಿ ಒಳಗೆ, ಮಂದಿ ನಿಲ್ಲಲು ಜಾಗವೇ ಇಲ್ಲ.

ಆರ್‌ಟಿಒ ಕಚೇರಿ ಬಸವಕಲ್ಯಾಣದಲ್ಲೇ ಇದೆ, ಕೆಎ-56 ಗಾಡಿಯವರು ಬೀದರ್‌ವರೆಗೆ ಹೋಗಬೇಕಿಲ್ಲ. ಹಾಕಿಸುವ ಮೊದಲು ಒಂದು ಸಲ ಹೋಗಿ ಕೇಳಿದರೆ ಮುಂದೆ ಎಫ್‌ಸಿಯಲ್ಲಿ ತಕರಾರು ಬರುವುದಿಲ್ಲ. ಬಾಡಿಗೆಗೆ ಗಾಡಿ ಕರೆಯುವ ವ್ಯಾಪಾರಿಗಳು, ರೈತರು ದರ ಮಾತಾಡುವಾಗಲೇ ಇನ್ನೊಂದು ಮಾತು ಸೇರಿಸಬೇಕು: ಕ್ಯಾಬಿನ್‌ನಲ್ಲಿ ಹಿಡಿಯುವಷ್ಟೇ ಮಂದಿ, ಉಳಿದವರಿಗೆ ಬೇರೆ ಗಾಡಿ. ಆ ಬೇರೆ ಗಾಡಿಯ ಬಾಡಿಗೆ ಯಾರು ಕೊಡಬೇಕು ಎಂಬ ಜಗಳ ಗಾಡಿ ಹೊರಡುವ ಮೊದಲೇ ಮುಗಿಯಲಿ.