ಡಾರ್ವಿನ್ ತಲೆಗೆ ಕಟ್ಟಬೇಡಿ ಸ್ವಾಮಿ

ನಾಲ್ಕು ವರ್ಷದ ಹಿಂದಿನ ಮಾರ್ಚ್. ನನ್ನ ಟೀಮಿನಲ್ಲಿ ಏಳು ಜನ. ಅಪ್ರೈಸಲ್ ಮುಗಿಸಿ ಏಳೂ ಜನಕ್ಕೆ ಒಳ್ಳೆಯ ರೇಟಿಂಗ್ ಕೊಟ್ಟು ಕಳಿಸಿದ್ದೆ. ಏಳೂ ಜನ ಚೆನ್ನಾಗಿಯೇ ಕೆಲಸ ಮಾಡಿದ್ದರು, ಕೊಟ್ಟೆ, ಅಷ್ಟೇ. ಸಂಜೆ ಮೇಲಿನವರ ಫೋನು ಬಂತು.

"ಬೆಲ್ ಕರ್ವ್‌ಗೆ ಕೂರ್ತಿಲ್ಲ ಇದು. ಒಬ್ಬರನ್ನ ಕೆಳಗೆ ಹಾಕ್ಲೇಬೇಕು."

"ಯಾರನ್ನ ಹಾಕ್ಲಿ ಸರ್? ಎಲ್ಲಾ ಚೆನ್ನಾಗೇ ಮಾಡಿದ್ದಾರೆ."

"ನೋಡಿ, ಇದು ನಾನು ಮಾಡಿದ ರೂಲ್ ಅಲ್ಲ. ನೇಚರ್ ಇರೋದೇ ಹಾಗೆ. ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್. ಡಾರ್ವಿನ್ ಓದಿಲ್ವಾ?"

ಓದಿರಲಿಲ್ಲ. ಪಿಯುಸಿಯಲ್ಲಿ ಜಿರಾಫೆಯ ಕತ್ತಿನ ಚಿತ್ರ ನೋಡಿದ್ದು ಬಿಟ್ಟರೆ ಡಾರ್ವಿನ್ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡು ಎಕ್ಸೆಲ್ ಶೀಟ್ ತೆರೆದೆ. ಯಾರು ಎಷ್ಟು ಟಿಕೆಟ್ ಕ್ಲೋಸ್ ಮಾಡಿದ್ದಾರೆ ಅಂತ ಸಾರ್ಟ್ ಮಾಡಿದೆ. ಅತಿ ಕಡಿಮೆ ಇದ್ದದ್ದು ಒಬ್ಬ ಹುಡುಗಿಯದು. ಅವಳದು ಯಾಕೆ ಕಡಿಮೆ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು. ಹೊಸದಾಗಿ ಸೇರಿದ ಇಬ್ಬರಿಗೆ ಕೆಲಸ ಕಲಿಸಿದ್ದು ಅವಳು. ಬೇರೆಯವರ ಕೋಡನ್ನು ಕೂತು ಓದಿ ತಪ್ಪು ಹಿಡಿಯುತ್ತಿದ್ದದ್ದು ಅವಳು. ರಾತ್ರಿ ಸರ್ವರ್ ಬಿದ್ದರೆ ಏನು ಮಾಡಬೇಕು ಅಂತ ನಲವತ್ತು ಪುಟದ ಡಾಕ್ಯುಮೆಂಟ್ ಬರೆದವಳೂ ಅವಳೇ. ಅದಕ್ಕೆಲ್ಲ ಟಿಕೆಟ್ ಇರಲಿಲ್ಲ. ಅವಳ ಹೆಸರನ್ನೇ ಕೆಳಗೆ ಹಾಕಿದೆ. ಮೂರು ತಿಂಗಳಲ್ಲಿ ಅವಳು ಬೇರೆ ಕಂಪನಿಗೆ ಹೋದಳು.

ಆ "ಡಾರ್ವಿನ್ ಓದಿಲ್ವಾ" ಮಾತ್ರ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಉಳಿದುಕೊಂಡುಬಿಟ್ಟಿತು. ಆಮೇಲೆ ಓದಿದೆ. ಓದಿದ ಮೇಲೆ ಮೈ ಉರಿದುಹೋಯಿತು.

ಮೊದಲನೆಯದಾಗಿ, ಆ ಮಾತು ಡಾರ್ವಿನ್ ಹುಟ್ಟಿಸಿದ್ದೇ ಅಲ್ಲ. 1864ರಲ್ಲಿ ಹರ್ಬರ್ಟ್ ಸ್ಪೆನ್ಸರ್ ಎಂಬಾತ ಬರೆದದ್ದು. ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಸ್ಪೆನ್ಸರನ ಮಾತು ಅದರೊಳಗೆ ಸೇರಿದ್ದು ಹತ್ತು ವರ್ಷದ ನಂತರ, 1869ರ ಐದನೇ ಆವೃತ್ತಿಯಲ್ಲಿ. ಅಲ್ಲಿಯೂ 'ಫಿಟ್' ಅಂದರೆ ಜಿಮ್ಮಿಗೆ ಹೋಗಿ ಬಂದವನು, ಪಕ್ಕದವನನ್ನು ತುಳಿದು ಮೇಲೆ ಬಂದವನು ಅಂತಲ್ಲ. ಆ ಜಾಗಕ್ಕೆ, ಆ ಕಾಲಕ್ಕೆ ಹೊಂದಿಕೊಂಡು ಸಂತಾನ ಉಳಿಸಿದ್ದು ಅಂತ. ನಮ್ಮ ಹಿತ್ತಲ ಪಾರ್ಥೇನಿಯಂ ಕೂಡ ಫಿಟ್ಟೇ. ಅದಕ್ಕೆ ಯಾರೂ ಪ್ರಮೋಷನ್ ಕೊಟ್ಟಿಲ್ಲ.

ಎರಡನೆಯ ಆಯುಧ 'ಸೆಲ್ಫಿಶ್ ಜೀನ್'. ರಿಚರ್ಡ್ ಡಾಕಿನ್ಸ್ 1976ರಲ್ಲಿ ಬರೆದ ಪುಸ್ತಕ. ನಮ್ಮ ಆಫೀಸುಗಳಲ್ಲಿ ಇದರ ಹೆಸರು ಹೇಳುವವರಲ್ಲಿ ಹೆಚ್ಚಿನವರು ಮುಖಪುಟ ದಾಟಿಲ್ಲ ಅಂತ ನನ್ನ ಗುಮಾನಿ. ಅಲ್ಲಿ ಸ್ವಾರ್ಥಿ ಅಂದದ್ದು ಜೀನನ್ನು, ಜೀವಿಯನ್ನಲ್ಲ. ಜೀನ್ ಅನ್ನುವುದು ಒಂದು ತುಣುಕು ಕೋಡ್ ಅಂದುಕೊಳ್ಳಿ. ಯಾವ ಕೋಡಿನ ಕಾಪಿ ಹೆಚ್ಚಾಗುತ್ತದೋ ಅದು ಉಳಿಯುತ್ತದೆ, ಅಷ್ಟೇ ಲೆಕ್ಕ. ಆ ಕಾಪಿ ನನ್ನ ಮೈಯೊಳಗೇ ಇರಬೇಕು ಅಂತೇನಿಲ್ಲ. ನನ್ನ ತಂಗಿಯ ಮೈಯಲ್ಲೂ ಇರಬಹುದು. ಹಾಗಾಗಿ ತಂಗಿಗಾಗಿ ತಾನು ಕಷ್ಟಪಡುವ ಸ್ವಭಾವ ಕೂಡ ನಿಸರ್ಗದ ಆಯ್ಕೆಯಲ್ಲಿ ಗೆಲ್ಲಬಹುದು. ವಿಲಿಯಂ ಹ್ಯಾಮಿಲ್ಟನ್ ಇದನ್ನು 1964ರಲ್ಲೇ ಒಂದು ಸಾಲಿನ ಲೆಕ್ಕ ಮಾಡಿ ಇಟ್ಟಿದ್ದ: ಪಡೆಯುವವನಿಗೆ ಆಗುವ ಲಾಭವನ್ನು ನೆಂಟಸ್ತಿಕೆಯಿಂದ ಗುಣಿಸಿ, ಅದು ಕೊಡುವವನ ನಷ್ಟಕ್ಕಿಂತ ಹೆಚ್ಚಿದ್ದರೆ ಆ ಉಪಕಾರ ಬಾಳಿಕೊಳ್ಳುತ್ತದೆ. ಒಡಹುಟ್ಟಿದವರಿಗೆ ಅರ್ಧ, ಚಿಕ್ಕಪ್ಪನ ಮಕ್ಕಳಿಗೆ ಎಂಟನೇ ಒಂದು. ಅಂದರೆ 'ಸೆಲ್ಫಿಶ್ ಜೀನ್' ಪುಸ್ತಕದ ಬಹುಪಾಲು ಪ್ರಾಣಿಗಳು ಯಾಕೆ ಸ್ವಾರ್ಥ ಬಿಡುತ್ತವೆ ಅನ್ನುವುದರ ವಿವರಣೆ. 'ಸಹಕಾರಿ ಜೀನ್' ಅಂತ ಹೆಸರಿಟ್ಟಿದ್ದರೂ ಆಗುತ್ತಿತ್ತು ಅಂತ ಡಾಕಿನ್ಸೇ ಮೂವತ್ತನೇ ವರ್ಷದ ಆವೃತ್ತಿಯಲ್ಲಿ ಒಪ್ಪಿಕೊಂಡಿದ್ದಾನೆ.

ಇನ್ನೊಂದು ಸಂಗತಿ ಇದೆ. ಎನ್ರಾನ್ ಕಂಪನಿಯ ಜೆಫ್ ಸ್ಕಿಲ್ಲಿಂಗ್‌ಗೆ ಇದು ಅಚ್ಚುಮೆಚ್ಚಿನ ಪುಸ್ತಕ ಅಂತ ಪತ್ರಿಕೆಯಲ್ಲಿ ಓದಿ ಡಾಕಿನ್ಸ್ ನಾಚಿಕೆಯಿಂದ ಕುಗ್ಗಿಹೋದನಂತೆ. ಎನ್ರಾನಿನಲ್ಲಿ ನೌಕರರನ್ನು ಸಾಲಾಗಿ ನಿಲ್ಲಿಸಿ ಕೊನೆಯವರನ್ನು ಹೊರಗೆ ಹಾಕುವ ಪದ್ಧತಿ ಇತ್ತು. ಆ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು, ಸ್ಕಿಲ್ಲಿಂಗ್ ಜೈಲಿಗೆ ಹೋದ. ಫಿಟ್ಟೆಸ್ಟ್!

ಸರಿ, ಬಂಧುಗಳಿಗಾದರೆ ಆಯಿತು, ಬಂಧುಗಳಲ್ಲದವರಿಗೆ ಯಾರು ಮಾಡುತ್ತಾರೆ ಅನ್ನುತ್ತೀರಿ. ಇದಕ್ಕೆ ಉತ್ತರ ನಮ್ಮ ಊರಲ್ಲೇ ಇತ್ತು, ನನಗೆ ಕಂಡಿರಲಿಲ್ಲ.

ನಮ್ಮದು ಹಾಸನದ ಕಡೆಯ ಹಳ್ಳಿ. ನಾಟಿ ಬಂತೆಂದರೆ ಎಲ್ಲರ ಗದ್ದೆಗೂ ಒಟ್ಟಿಗೇ ನೀರು. ಒಟ್ಲಿನಲ್ಲಿ ಪೈರು ಬಲಿತುಹೋದರೆ ಇಳುವರಿ ಕೈಬಿಟ್ಟ ಹಾಗೆ. ಒಂದು ಮನೆಯ ನಾಲ್ಕು ಕೈಗೆ ಮುಗಿಯುವ ಕೆಲಸವಲ್ಲ ಅದು. ಅದಕ್ಕೇ ಮುಯ್ಯಾಳು. ಅವ್ವ ಎಂಟು ಮನೆಯ ಗದ್ದೆಯಲ್ಲಿ ಬಗ್ಗಿ ನೆಟ್ಟು ಬರುತ್ತಿದ್ದಳು, ಆ ಎಂಟು ಮನೆಯವರೂ ಒಂದು ದಿನ ನಮ್ಮ ಗದ್ದೆಗೆ ಬಂದು ಬಗ್ಗುತ್ತಿದ್ದರು. ದುಡ್ಡಿಲ್ಲ, ಕಾಗದವಿಲ್ಲ. ಆದರೆ ಲೆಕ್ಕ ಇತ್ತು ಮಾರಾಯ್ರೆ, ಭಾರೀ ಲೆಕ್ಕ! ಒಂದು ವರ್ಷ ಒಂದು ಮನೆಯವರು ದೊಡ್ಡಾಳಿನ ಬದಲು ಹತ್ತು ವರ್ಷದ ಹುಡುಗನನ್ನು ಕಳಿಸಿದರು. ಮುಂದಿನ ವರ್ಷ ಅವರ ಗದ್ದೆಗೆ ಅವ್ವ ಕಳಿಸಿದ್ದು ನನ್ನನ್ನು. ನನಗೆ ಆಗ ಒಂಬತ್ತು. ಅದರ ಮುಂದಿನ ವರ್ಷ ಆ ಮನೆಯ ಯಜಮಾನತಿಯೇ ಬಂದಳು.

1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞ ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ಒಂದು ಪಂದ್ಯ ಇಟ್ಟ. ಪ್ರತಿ ಸುತ್ತಿನಲ್ಲೂ ಎರಡು ಪ್ರೋಗ್ರಾಮು ಎದುರಾಬದುರು. ಒಂದೋ ಸಹಕರಿಸಬೇಕು, ಇಲ್ಲವೇ ಕೈಕೊಡಬೇಕು. ಒಂದೇ ಸುತ್ತಾದರೆ ಕೈಕೊಟ್ಟವನಿಗೇ ಲಾಭ. ಆದರೆ ಅವೇ ಇಬ್ಬರು ಮತ್ತೆ ಮತ್ತೆ ಎದುರಾಗುತ್ತಿದ್ದರೆ? ಪಂಡಿತರು ಕುತಂತ್ರದ ಕೋಡ್ ಬರೆದು ಕಳಿಸಿದರು. ಮೊದಲ ಪಂದ್ಯಕ್ಕೆ 14 ಬಂದವು, ಎರಡನೆಯದಕ್ಕೆ 62. ಎರಡರಲ್ಲೂ ಗೆದ್ದದ್ದು ಒಂದೇ, ಅನಟೋಲ್ ರ‍್ಯಾಪೊಪೋರ್ಟ್ ಕಳಿಸಿದ ಅತ್ಯಂತ ಸರಳ ಪ್ರೋಗ್ರಾಮು. ಮೊದಲು ಸಹಕರಿಸು, ಆಮೇಲೆ ಎದುರಿನವನು ಹೋದ ಸಲ ಏನು ಮಾಡಿದನೋ ಅದನ್ನೇ ಮಾಡು. ಟಿಟ್ ಫಾರ್ ಟ್ಯಾಟ್. ಕನ್ನಡದಲ್ಲಿ ಮುಯ್ಯಿಗೆ ಮುಯ್ಯಿ.

ನಮ್ಮ ಭಾಷೆ ನೋಡಿ. ಗದ್ದೆಗೆ ಆಳು ಕೊಡುವುದೂ ಮುಯ್ಯಿ, ಮದುವೆ ಚಪ್ಪರದಲ್ಲಿ ನೋಟ್‌ಬುಕ್ ಹಿಡಿದು ಕೂತವನ ಹತ್ತಿರ ಬರೆಸುವುದೂ ಮುಯ್ಯಿ, ಸೇಡು ತೀರಿಸಿಕೊಳ್ಳುವುದೂ ಮುಯ್ಯಿ. ಉಪಕಾರ ಮತ್ತು ಸೇಡು ಒಂದೇ ಯಂತ್ರದ ಎರಡು ಗೇರು ಅನ್ನುವುದು ಅವ್ವನಿಗೆ ಯಾವ ಪ್ರೋಗ್ರಾಮೂ ಇಲ್ಲದೆ ಗೊತ್ತಿತ್ತು. ಪೂರ್ತಿ ನಂಬುವವಳೂ ಅಲ್ಲ ಅವಳು, ಮೊದಲು ಕೈಕೊಡುವವಳೂ ಅಲ್ಲ.

ಇಲ್ಲಿಗೆ ನಿಲ್ಲಿಸಿ "ಆಹಾ ನಮ್ಮ ಹಳ್ಳಿ" ಅಂದರೆ ನಾನೂ ಸುಳ್ಳು ಹೇಳಿದ ಹಾಗೆ. ನಮ್ಮ ಮುಯ್ಯಿ ಊರ ಹೊರಗಿನ ಕೇರಿಗೆ ಒಂದು ದಿನವೂ ದಾಟಿ ಹೋಗಲಿಲ್ಲ. ಅಲ್ಲಿಂದ ಬಂದವರೂ ಅದೇ ಕೆಸರಲ್ಲಿ ಅದೇ ಪೈರು ನೆಡುತ್ತಿದ್ದರು, ಅವರಿಗೆ ಕೊಡುತ್ತಿದ್ದದ್ದು ಕೂಲಿ. ಅವರ ಹತ್ತಿರ ಗದ್ದೆಯೇ ಇಲ್ಲದ ಮೇಲೆ ನಾವು ಮುಯ್ಯಿ ತೀರಿಸುವುದೆಲ್ಲಿ ಬಂತು? ಅಪ್ಪ ಇದನ್ನೂ "ಮೊದಲಿಂದ ಹೀಗೇ ಕಣಪ್ಪ" ಅನ್ನುತ್ತಿದ್ದ. ನಮ್ಮ ಮೇಲಿನವರು ನೇಚರ್ ಅಂದದ್ದಕ್ಕೂ ಅಪ್ಪ ಮೊದಲಿಂದ ಹೀಗೇ ಅಂದದ್ದಕ್ಕೂ ನನಗೆ ಈಗ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರೂ ತಮ್ಮ ಕೈಯಲ್ಲಿದ್ದ ತಕ್ಕಡಿಯನ್ನು ಪ್ರಕೃತಿಯ ಕೈಗೆ ದಾಟಿಸಿದವರೇ. ಸಿಡುಬು ಕೂಡ ಪ್ರಕೃತಿಯದೇ ಆಗಿತ್ತಲ್ಲ. ಹಾಗಂತ ಬಿಟ್ಟಿದ್ದರೆ 1980ರಲ್ಲಿ ಅದು ಭೂಮಿಯಿಂದ ತೊಲಗಿತು ಅಂತ ಸಾರಲು ಆಗುತ್ತಿತ್ತಾ?

ನಿಸರ್ಗದ ಆಯ್ಕೆ ಸ್ವಾರ್ಥದ ಪಾರ್ಟಿಯೂ ಅಲ್ಲ, ಪರೋಪಕಾರದ ಪಾರ್ಟಿಯೂ ಅಲ್ಲ. ಏನನ್ನು ಎಣಿಸುತ್ತಾರೆ, ಯಾವ ಗುಂಪಿನಲ್ಲಿ ಎಣಿಸುತ್ತಾರೆ ಅನ್ನುವುದರ ಮೇಲೆ ಯಾವುದು ಬೇಕಾದರೂ ಗೆಲ್ಲಬಹುದು. ಇದಕ್ಕೆ ನನಗೆ ಸಿಕ್ಕ ಸಾಕ್ಷಿ ಕೋಳಿಗಳದ್ದು.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಲಿಯಂ ಮ್ಯೂರ್ 1982ರಲ್ಲಿ ಮೊಟ್ಟೆ ಕೋಳಿಗಳ ಮೇಲೆ ಒಂದು ಪ್ರಯೋಗ ಶುರು ಮಾಡಿದ. ಹೆಚ್ಚು ಮೊಟ್ಟೆ ಇಡುವ ಒಂದೊಂದೇ ಕೋಳಿಯನ್ನು ಆರಿಸಿ ತಳಿ ಬೆಳೆಸುವುದು ವಾಡಿಕೆ. ಅದರ ತೊಂದರೆ ಏನೆಂದರೆ, ಒಂದೇ ಪಂಜರದಲ್ಲಿ ಪಕ್ಕದವಳನ್ನು ಕುಕ್ಕಿ ಕುಕ್ಕಿ ಅವಳ ಕಾಳನ್ನೂ ತಾನೇ ತಿಂದವಳ ಮೊಟ್ಟೆಯ ಲೆಕ್ಕವೂ ಜಾಸ್ತಿಯೇ ಇರಬಹುದು. ಅವಳನ್ನು ಆರಿಸಿದಿರಿ ಅಂದರೆ ಮುಂದಿನ ತಲೆಮಾರಿಗೆ ನೀವು ಸಾಕುತ್ತಿರುವುದು ಕುಕ್ಕುವ ಗುಣವನ್ನು. ಮ್ಯೂರ್ ಒಂದೊಂದು ಕೋಳಿಯನ್ನು ಬಿಟ್ಟು, ಅಕ್ಕತಂಗಿ ಕೋಳಿಗಳಿದ್ದ ಇಡೀ ಪಂಜರವನ್ನೇ ಅಳೆದ. ಆರಿಸಿದರೆ ಪಂಜರದ ಎಲ್ಲವನ್ನೂ, ಬಿಟ್ಟರೆ ಎಲ್ಲವನ್ನೂ. 1996ರಲ್ಲಿ ಅವನು ಪ್ರಕಟಿಸಿದ ಲೆಕ್ಕ ಇದು: ಎರಡನೇ ತಲೆಮಾರಿನಲ್ಲಿ ವರ್ಷಕ್ಕೆ ಶೇ. 68ರಷ್ಟು ಕೋಳಿಗಳು ಸಾಯುತ್ತಿದ್ದವು, ನಾಲ್ಕನೆಯದರ ಹೊತ್ತಿಗೆ ಶೇ. 8.8. ಪಂಜರಕ್ಕೆ ಬಿಟ್ಟ ಕೋಳಿಗೆ ತಲಾ 91 ಇದ್ದ ಮೊಟ್ಟೆ 237ಕ್ಕೆ ಹೋಯಿತು. ಕೊಲ್ಲುವುದು ನಿಂತರೆ ಮೊಟ್ಟೆ ಹೆಚ್ಚುತ್ತದೆ. ಇದನ್ನು ಕಂಡುಹಿಡಿಯಲು ಅಮೆರಿಕಕ್ಕೆ ಹೋಗಬೇಕಿರಲಿಲ್ಲ ಅನಿಸಬಹುದು, ಆದರೆ ನಮ್ಮ ಎಚ್‌ಆರ್ ವಿಭಾಗಗಳಿಗೆ ಇನ್ನೂ ತಲುಪಿಲ್ಲ.

"ಕೋಳಿ ಬೇರೆ, ಮನುಷ್ಯ ಬೇರೆ" ಅಂತೀರಿ. ಒಪ್ಪಿದೆ. ಇದೇ ಮಾತನ್ನು ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್ ಅನ್ನುವವರಿಗೂ ಹೇಳಿ ನೋಡೋಣ.

ಅಮೆರಿಕ ಬೇಡ ಅಂದರೆ ಮಲ್ಲೇಶ್ವರದ ಆಚೆಗೆ ಬನ್ನಿ. ನಮ್ಮ ಐಐಎಸ್‌ಸಿಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಒಂದು ಜಾತಿಯ ಕಣಜದ ಹುಳುವಿನ ಗೂಡುಗಳ ಮುಂದೆ ಕೂತಿದ್ದಾರೆ. ರೊಪಾಲಿಡಿಯ ಮಾರ್ಜಿನೇಟ ಅಂತ ಅದರ ಹೆಸರು. ಮೊಟ್ಟೆ ಇಡುವುದು ರಾಣಿ ಒಬ್ಬಳೇ, ಉಳಿದ ಹೆಣ್ಣುಹುಳುಗಳು ದುಡಿಯುತ್ತವೆ. ಅವುಗಳಲ್ಲಿ ಎಷ್ಟೋ ಹುಳುಗಳು ಬೇರೆ ಹೋಗಿ ಸ್ವಂತ ಗೂಡು ಕಟ್ಟಿ ಮೊಟ್ಟೆ ಇಡಬಲ್ಲವು. ಮತ್ಯಾಕೆ ಪರರ ಮಕ್ಕಳನ್ನು ಸಾಕುತ್ತವೆ? ಅಕ್ಕತಂಗಿಯರ ನೆಂಟಸ್ತಿಕೆ ಬಹಳ ಗಟ್ಟಿ ಅನ್ನುವ ಉತ್ತರ ಇಲ್ಲಿ ಸಾಕಾಗುವುದಿಲ್ಲ. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ, ರಾಣಿಯರೂ ಬದಲಾಗುತ್ತಿರುತ್ತಾರೆ, ಗೂಡಿನೊಳಗಿನ ನೆಂಟಸ್ತಿಕೆ ತೆಳುವಾಗುತ್ತಾ ಹೋಗುತ್ತದೆ. ಗದಗಕರ್ 1990ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ಒಂಟಿಯಾಗಿ ಗೂಡು ಕಟ್ಟಿದವಳು ಮರಿಗಳು ದೊಡ್ಡವಾಗುವ ಮುಂಚೆ ಸತ್ತರೆ ಅಲ್ಲಿಯವರೆಗಿನ ದುಡಿಮೆ ಪೂರ್ತಿ ಸೊನ್ನೆ. ಗುಂಪಿನಲ್ಲಿದ್ದವಳು ಹದಿನೈದು ದಿನ ದುಡಿದು ಸತ್ತರೂ ಉಳಿದದ್ದನ್ನು ಬೇರೆಯವರು ಮುಂದುವರಿಸುತ್ತಾರೆ. ಅವಳ ಹದಿನೈದು ದಿನ ದಂಡವಾಗುವುದಿಲ್ಲ.

ಓದಿದ ಕೂಡಲೇ ನನಗೆ ಹೊಳೆದದ್ದು ನಮ್ಮ ಬಸ್ ಫ್ಯಾಕ್ಟರ್. ಎಷ್ಟು ಜನ ಬಸ್ಸಿನಡಿ ಬಿದ್ದರೆ ಪ್ರಾಜೆಕ್ಟ್ ನಿಲ್ಲುತ್ತದೆ ಅಂತ ನಾವು ತಮಾಷೆಗೆ ಎಣಿಸುತ್ತೇವಲ್ಲ, ಅದು. ಎಲ್ಲವನ್ನೂ ತನ್ನ ತಲೆಯಲ್ಲೇ ಇಟ್ಟುಕೊಂಡು, ಯಾರಿಗೂ ಹೇಳಿಕೊಡದೆ, ಟಿಕೆಟ್ ಮೇಲೆ ಟಿಕೆಟ್ ಕ್ಲೋಸ್ ಮಾಡುವ ಎಂಜಿನಿಯರ್ ಇದ್ದಾನಲ್ಲ, ಅವನು ಒಂಟಿ ಗೂಡಿನ ಹುಳು. ಅವನಿಗೆ ನಾನು ಆ ವರ್ಷ ಟಾಪ್ ರೇಟಿಂಗ್ ಕೊಟ್ಟಿದ್ದೆ. ಇವಳು ನಲವತ್ತು ಪುಟ ಬರೆದಿದ್ದು ತಾನಿಲ್ಲದಾಗಲೂ ಗೂಡು ನಡೆಯಲಿ ಅಂತ. ಅವಳು ಬಿಟ್ಟುಹೋದ ಎರಡನೇ ತಿಂಗಳಲ್ಲಿ ಒಂದು ಶನಿವಾರ ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿತ್ತು. ಟಾಪ್ ರೇಟಿಂಗಿನವನು ಫೋನ್ ಎತ್ತಲಿಲ್ಲ. ಸರ್ವರ್ ಎದ್ದದ್ದು ಆ ಡಾಕ್ಯುಮೆಂಟಿನ ಇಪ್ಪತ್ತಮೂರನೇ ಪುಟದಿಂದ.

ಹೋದ ತಿಂಗಳು ಅವಳಿಗೆ ಫೋನ್ ಮಾಡಿದೆ. ಆ ವರ್ಷ ನಾನು ಹೇಗೆ ಸಾರ್ಟ್ ಮಾಡಿದೆ ಅನ್ನುವುದನ್ನು ಹೇಳಿದೆ. ಡಾರ್ವಿನ್ ಹೆಸರು ಎತ್ತಲಿಲ್ಲ, ಎತ್ತಿದ್ದರೆ ಅವಳೇ ಫೋನಿನೊಳಗಿಂದ ಬಂದು ಹೊಡೆಯುತ್ತಿದ್ದಳೇನೋ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಗೊತ್ತಿತ್ತು ಸರ್. ಬಿಡಿ, ಈ ಕಂಪನೀಲೂ ಅದೇ ಕರ್ವ್. ಆದ್ರೆ ಇಲ್ಲಿ ನಂದು ಟಾಪ್ ರೇಟಿಂಗು."

"ಹೌದಾ! ಒಳ್ಳೇದಾಯ್ತಲ್ಲ."

"ಹ್ಞೂಂ. ಇಲ್ಲಿ ನಾನು ಯಾರಿಗೂ ಏನೂ ಹೇಳ್ಕೊಡೋಕೆ ಹೋಗಲ್ಲ ಸರ್."