ಸೀಟಿ ಹೊಡೆದ ಜರಡಿ

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ತಂದೆಯ ಜೊತೆ ಮನೆಗೆ ಬಂದ. ಕೈಯಲ್ಲಿ ಒಂದು ವಿಚಿತ್ರ ವಸ್ತು. ತಂತಿಬಲೆ ಕಿತ್ತು ಹೋದ ಹಳೆಯ ಜರಡಿಯ ಮರದ ಅಂಚು, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಹಿಡಿಯಲು ಬಿದಿರಿನ ಕೋಲು. ಕೋಲಿಗೆ ರಬ್ಬರ್ ಪಟ್ಟಿಯಿಂದ ಬಿಗಿದ ಅಜ್ಜನ ಕಾಲದ ಟ್ರಾನ್ಸಿಸ್ಟರ್ ರೇಡಿಯೊ.

"ಸರ್, ಲೋಹಶೋಧಕ. ವಿಜ್ಞಾನ ಪ್ರದರ್ಶನಕ್ಕೆ" ಎಂದ ಹುಡುಗ.

ಮಗನನ್ನು ಬಾವಿಕಟ್ಟೆಯ ಕಡೆ ಕಳಿಸಿ ತಂದೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. "ಮಾಸ್ತರೇ, ಘಟ್ಟದ ಮೇಲಿನವನೊಬ್ಬ ಬಂದಿದ್ದ. ಒಂದು ರಾತ್ರಿ ಈ ಯಂತ್ರ ಹಿಡಿದುಕೊಂಡು ಮಿರ್ಜಾನ ಕೋಟೆಗೆ ಬಂದರೆ ಐದು ಸಾವಿರ ಕೊಡ್ತೇನೆ ಅಂದ. ಏನಾದರೂ ಸಿಕ್ಕರೆ ಪಾಲು ಬೇರೆ. ಮಗಳ ಮದುವೆಯ ಸಾಲ ಸೊಸೈಟಿಯಲ್ಲಿ ಹಾಗೆಯೇ ಉಂಟು. ಏನು ಮಾಡಲಿ?"

ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನ್ನನ್ನು ಕೇಳಲು ಬರುತ್ತಿರಲಿಲ್ಲ. "ಮೊದಲು ಯಂತ್ರ ಏನು ಮಾಡುತ್ತದೆ ನೋಡೋಣ. ಇವತ್ತು ಸಂಜೆಯವರೆಗೆ ನನ್ನ ಜೊತೆ ಇರಿ" ಎಂದೆ.

ವಿದ್ಯಾರ್ಥಿಗಳೇ, ಯಂತ್ರದ ಗುಟ್ಟು ಬಹಳ ಸರಳ. ತಂಬೂರಿಯ ಎರಡು ತಂತಿಗಳನ್ನು ಶ್ರುತಿ ಮಾಡುವುದನ್ನು ನೀವು ಕೇಳಿರಬಹುದು. ಎರಡೂ ಒಂದೇ ಶ್ರುತಿಯಲ್ಲಿದ್ದರೆ ನಾದ ಸಮ. ಒಂದು ಕೂದಲೆಳೆಯಷ್ಟು ಏರುಪೇರಾದರೂ ನಾದ ಅಲೆ ಅಲೆಯಾಗಿ ತೂಗತೊಡಗುತ್ತದೆ. ಹುಡುಗನ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಸಲ ಹಿಂದೆ ಮುಂದೆ ಓಡುತ್ತದೆ. ಅದೇ ಒಂದು ತಂತಿ. ರೇಡಿಯೊ ಹಿಡಿಯುವ ಮಧ್ಯಮ ತರಂಗದ ನಿಲಯ ಇನ್ನೊಂದು ತಂತಿ. ಎರಡರ ನಡುವಿನ ವ್ಯತ್ಯಾಸವೇ ರೇಡಿಯೊದಲ್ಲಿ ಸೀಟಿಯಾಗಿ ಕೇಳುತ್ತದೆ. ಸುರುಳಿಯ ಬಳಿ ಲೋಹ ಬಂದರೆ ಅದರೊಳಗೆ ಸುಳಿ ವಿದ್ಯುತ್ತು ಹುಟ್ಟುತ್ತದೆ. ಬದಲಾಗುವ ಕಾಂತಕ್ಷೇತ್ರ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು ಇದನ್ನೇ. ಆ ಸುಳಿ ವಿದ್ಯುತ್ತು ಮೂಲ ಸುರುಳಿಯ ಆವರ್ತಾಂಕವನ್ನು ತುಸು ಕದಲಿಸುತ್ತದೆ. ಶ್ರುತಿ ತಪ್ಪಿತು, ಸೀಟಿ ಬದಲಾಯಿತು!

ಈ ವಿದ್ಯೆಯ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ನಿಧಿಗಾಗಿ ಅಲ್ಲ, ಒಂದು ಜೀವಕ್ಕಾಗಿ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿತು. ಮೈಯೊಳಗೆ ಗುಂಡು ಎಲ್ಲಿದೆ ಎಂದು ಹುಡುಕಲು ದೂರವಾಣಿಯ ಗ್ರಹಾಂ ಬೆಲ್ ಇಂಥದೇ ಸಲಕರಣೆ ಹಿಡಿದು ಬಂದರು. ಗುಂಡು ಸಿಗಲಿಲ್ಲ. ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಸಲಕರಣೆಯ ದಾರಿ ತಪ್ಪಿಸಿದವು. ಜೊತೆಗೆ ಗುಂಡು ವೈದ್ಯರು ನಂಬಿದ್ದ ಪಕ್ಕದಲ್ಲಿ ಇರಲೇ ಇಲ್ಲ. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡರು. ಯಂತ್ರ "ಲೋಹ ಉಂಟು" ಎನ್ನುತ್ತದೆ. ಯಾವ ಲೋಹ, ಯಾರದು, ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮನುಷ್ಯನೇ ಹೇಳಬೇಕು.

ನಮ್ಮ ಅಂಗಳದಲ್ಲಿ ಪರೀಕ್ಷೆ ಶುರುವಾಯಿತು. ಒಂದು ಗಂಟೆಯಲ್ಲಿ ಸಿಕ್ಕಿದ ಸಂಪತ್ತು ಇಷ್ಟು: ತುಕ್ಕು ಹಿಡಿದ ಮೊಳೆ ಏಳು, ಸೋಡಾ ಬಾಟಲಿಯ ಮುಚ್ಚಳ ಮೂರು, ಎತ್ತಿನ ಲಾಳ ಒಂದು, ಔಷಧದ ಗುಳಿಗೆಯ ತಗಡಿನ ಹಾಳೆ, ಕೊನೆಗೆ ಇಪ್ಪತ್ತೈದು ಪೈಸೆಯ ನಾಣ್ಯ ಒಂದು. 2011ರ ಜೂನ್ 30ಕ್ಕೆ ಚಲಾವಣೆ ನಿಂತ ಆ ನಾಣ್ಯವನ್ನು ಹುಡುಗ ಅಂಗಿಯಲ್ಲಿ ಒರೆಸಿ ಒರೆಸಿ ನೋಡಿದ. ಎಲ್ಲವೂ ನಾಲ್ಕು ಬೆರಳಿಗಿಂತ ಮೇಲೆಯೇ ಇದ್ದವು. ಅದಕ್ಕಿಂತ ಆಳದ್ದು ಈ ಜರಡಿಗೆ ಕೇಳಿಸದು. ಒಳ್ಳೆಯ ಯಂತ್ರಕ್ಕೂ ಒಂದು ನಾಣ್ಯ ಕೇಳಿಸುವುದು ಸಾಮಾನ್ಯವಾಗಿ ಒಂದು ಗೇಣಿನ ಆಸುಪಾಸಿನವರೆಗೆ ಮಾತ್ರ.

ಆಮೇಲೆ ಯಂತ್ರವನ್ನು ನಮ್ಮ ಚಿರೆಕಲ್ಲಿನ ಕಂಪೌಂಡಿನ ಬಳಿ ಒಯ್ಯಲು ಹೇಳಿದೆ. ಗೋಡೆಗೆ ತಾಗಿಸುವ ಮೊದಲೇ ಸೀಟಿ ಏರಿ ಇಳಿಯತೊಡಗಿತು. ಗೋಡೆಯೊಳಗೆ ಬಂಗಾರವಿದೆಯೆ? ಇಲ್ಲ. ಚಿರೆಕಲ್ಲು ಕೆಂಪಾಗಿರುವುದೇ ಕಬ್ಬಿಣದ ಆಕ್ಸೈಡುಗಳಿಂದ. 1801ರಲ್ಲಿ ನಮ್ಮ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಮುಂದೆ 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಪದದಿಂದ ಬಂದ ಹೆಸರು ಅದು.

ಹುಡುಗನ ತಂದೆಯ ಕಡೆ ತಿರುಗಿ ಹೇಳಿದೆ: "ಮಿರ್ಜಾನ ಕೋಟೆ ಕಟ್ಟಿದ್ದೂ ಇದೇ ಕಲ್ಲಿನಲ್ಲಿ. ಅಲ್ಲಿ ನಿಮ್ಮ ಮಗನ ಯಂತ್ರ ರಾತ್ರಿಯಿಡೀ ಸೀಟಿ ಹೊಡೆದೀತು. ಸೀಟಿ ಹೊಡೆದಲ್ಲೆಲ್ಲ ಅವನು ಅಗೆಸುತ್ತಾನೆ. ಸಿಕ್ಕಿಬಿದ್ದರೆ ಮೊದಲು ಸಿಗುವುದು ಯಂತ್ರ ಹಿಡಿದ ಹುಡುಗ."

ಅವರು ಸುಮ್ಮನಾದರು. ಹುಡುಗ ಮಾತ್ರ ಕೇಳಿದ, "ಸರ್, ಕೋಟೆಯಲ್ಲಿ ನಿಜವಾಗಿಯೂ ಬಂಗಾರ ಸಿಕ್ಕಿದೆಯಂತಲ್ಲ?"

"ಸಿಕ್ಕಿದೆ. ನಡಿ, ತೋರಿಸುತ್ತೇನೆ" ಎಂದೆ. ಯಂತ್ರವನ್ನು ಮನೆಯಲ್ಲೇ ಬಿಟ್ಟು ಮೂವರೂ ಬಸ್ಸು ಹತ್ತಿದೆವು.

ಅಘನಾಶಿನಿಯ ದಡದ ಮಿರ್ಜಾನ, ಹೆದ್ದಾರಿಯಲ್ಲಿ ಹೋಗುವವರಿಗೆ ಇಂದು ಒಂದು ಚಿಕ್ಕ ಊರು. ಒಂದು ಕಾಲದಲ್ಲಿ ಇದು ಬಂದರು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಘಟ್ಟದ ಮೆಣಸು ಹೊಳೆಯ ದಾರಿಯಿಂದ ಇಳಿದು ಕಡಲಿಗೆ ಹೋಗುತ್ತಿತ್ತು. 2000–01ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯದವರು ಕೋಟೆಯೊಳಗೆ ಉತ್ಖನನ ನಡೆಸಿದಾಗ ಕಟ್ಟಡಗಳ ತಳಪಾಯ, ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿ ಚೂರುಗಳು ದೊರೆತವು. ಜೊತೆಗೆ ಹದಿನೇಳನೆಯ ಶತಮಾನದ ಒಂದು ಪೋರ್ಚುಗೀಸ್ ಚಿನ್ನದ ನಾಣ್ಯವೂ ದೊರೆಯಿತು.

ಕಂದಕದ ಅಂಚಿನಲ್ಲಿ ನಿಂತು ಹುಡುಗನನ್ನು ಕೇಳಿದೆ: "ಆ ನಾಣ್ಯ ರಾತ್ರಿ ಬಂದವನಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು?"

"ಅಕ್ಕಸಾಲಿಗನ ಹತ್ತಿರ ಹೋಗುತ್ತಿತ್ತು."

"ಹೌದು, ಕರಗಿ ಯಾರದೋ ಉಂಗುರವಾಗುತ್ತಿತ್ತು. ಪಿಂಗಾಣಿ ಚೂರನ್ನು ಕಾಲಲ್ಲಿ ಒದ್ದು ಹೋಗುತ್ತಿದ್ದ. ಆದರೆ ಮಣ್ಣಿನ ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿ ನಾಣ್ಯ ಇತ್ತು ಎಂದು ಬರೆದಿಟ್ಟರೆ ಅದು ಮಾತಾಡುತ್ತದೆ. ನಾಣ್ಯ ಅಚ್ಚಾದ ವರ್ಷಕ್ಕಿಂತ ಮೊದಲು ಅದು ಮಣ್ಣು ಸೇರಲು ಸಾಧ್ಯವಿಲ್ಲ, ಅಲ್ಲವೆ? ಹಾಗಾದರೆ ಅದರ ಮೇಲೆ ಕದಡದೆ ಕೂತಿರುವ ಪದರಗಳೆಲ್ಲ ಆ ವರ್ಷದ ಈಚಿನವು. ಅದರ ಮಗ್ಗುಲಲ್ಲೇ ಒಂದು ಚೀನಾ ಬಟ್ಟಲು ಸಿಕ್ಕರೆ, ಗೋವೆಯ ಹಣ ಮತ್ತು ಚೀನಾದ ಬಟ್ಟಲು ಎರಡನ್ನೂ ಬಳಸಿದ ಜನ ಇಲ್ಲಿದ್ದರು ಎಂದಾಗುತ್ತದೆ. ನಾಣ್ಯವನ್ನು ಕಿತ್ತೊಯ್ದರೆ ತೂಕ ಉಳಿಯುತ್ತದೆ, ಮಾತು ಹೋಗುತ್ತದೆ."

ಹುಡುಗನ ಮುಖ ನೋಡಿದರೆ ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. "ಇಂಗ್ಲೆಂಡಿನಲ್ಲಿ ಜನ ಯಂತ್ರ ಹಿಡಿದು ಹೊಲದಲ್ಲಿ ಹುಡುಕುತ್ತಾರಂತಲ್ಲ ಸರ್" ಎಂದ. ಅದೂ ನಿಜ. 2009ರಲ್ಲಿ ಸ್ಟಾಫರ್ಡ್‌ಶೈರ್ ಎಂಬಲ್ಲಿ ಹವ್ಯಾಸಿಯೊಬ್ಬನಿಗೆ ಹೊಲವೊಂದರಲ್ಲಿ ಸುಮಾರು ನಾಲ್ಕು ಕಿಲೊ ಚಿನ್ನದ ಪುರಾತನ ವಸ್ತುಗಳು ಸಿಕ್ಕವು. ಅವನು ಸರ್ಕಾರಕ್ಕೆ ತಿಳಿಸಿದ. ಬೆಲೆ ಕಟ್ಟಿ ಅವನಿಗೂ ಹೊಲದ ಒಡೆಯನಿಗೂ 32 ಲಕ್ಷ ಪೌಂಡಿಗೂ ಹೆಚ್ಚು ಹಣ ಹಂಚಿದರು. ಆದರೆ ಅಲ್ಲಿಯೂ ಹೊಲದ ಒಡೆಯನ ಒಪ್ಪಿಗೆ ಬೇಕು. ನಿಧಿ ಸಿಕ್ಕರೆ 1996ರ ಕಾಯ್ದೆಯಂತೆ 14 ದಿನಗಳೊಳಗೆ ತಿಳಿಸಬೇಕು. ರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಯಂತ್ರ ಹಿಡಿಯುವುದೇ ಅಪರಾಧ.

ನಮ್ಮಲ್ಲಿ ನಿಧಿ ಕಾಯ್ದೆ 1878ರಲ್ಲೇ ಬಂದಿದೆ. ಮಣ್ಣಿನಲ್ಲಿ ಹತ್ತು ರೂಪಾಯಿ ಮೀರಿದ ಬೆಲೆಯ ನಿಧಿ ಸಿಕ್ಕರೂ ಕಲೆಕ್ಟರರಿಗೆ ತಿಳಿಸಬೇಕೆಂದು ಅದು ಹೇಳಿತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯೂ ಇದೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೋಟೆಯ ಬಾಗಿಲ ಬಳಿ ಇಲಾಖೆಯ ನೀಲಿ ಫಲಕ ಇದೆ. ಹುಡುಗನ ತಂದೆ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದರು.

ಮಧ್ಯಾಹ್ನ ಊಟ ಮುಗಿಸಿ, "ಇನ್ನು ನಿಜವಾದ ಹುಡುಕಾಟ" ಎಂದೆ.

ನಮ್ಮ ನೆರೆಮನೆಯ ಅಜ್ಜಿಯ ಒಂದು ಬೆಂಡೋಲೆ ಎರಡು ಮಳೆಗಾಲದ ಹಿಂದೆ ಕಾಣೆಯಾಗಿತ್ತು. ಆಗ ಆ ಮನೆಗೆ ಪಾತ್ರೆ ತೊಳೆಯಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಮೇಲೆ ಯಾರೂ ಬಾಯಿಬಿಟ್ಟು ಆರೋಪ ಹೊರಿಸಲಿಲ್ಲ. "ನಾಳೆಯಿಂದ ಬರುವುದು ಬೇಡ" ಎಂದರು, ಅಷ್ಟೆ. ಆದರೆ ಊರಿಗೆ ಅಷ್ಟು ಸಾಕಲ್ಲವೆ? ಅವಳ ಮಗಳು ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಯಾರದಾದರೂ ಪೆನ್ನು ಕಳೆದರೆ ಮಕ್ಕಳು ಮೊದಲು ತಿರುಗುವುದು ಆ ಬೆಂಚಿನ ಕಡೆಗೆ.

ಅಜ್ಜಿಯ ಒಪ್ಪಿಗೆ ಕೇಳಿದೆವು. "ಅದು ಎಲ್ಲಿ ಸಿಗ್ತದೆ ಮಾಸ್ತರೇ, ಯಾರ ಮನೆ ಸೇರಿತೋ" ಎನ್ನುತ್ತಲೇ ಒಪ್ಪಿದರು.

ಹುಡುಗ ಯಂತ್ರ ಹಿಡಿದು ಅಂಗಳದಲ್ಲೆಲ್ಲ ಓಡಲು ಹೊರಟ. ತಡೆದೆ. ಸುಂಬದ ಹಗ್ಗ ತಂದು ಅಂಗಳವನ್ನು ಎರಡೆರಡು ಅಡಿಯ ಚೌಕಗಳಾಗಿ ಮಾಡಿದೆವು. ಪ್ರತಿ ಚೌಕಕ್ಕೂ ಒಂದು ಸಂಖ್ಯೆ. ಸೀಟಿ ಬದಲಾದರೆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯುವುದು, ಖುರಪಿಯಿಂದ ಮೆಲ್ಲನೆ ಮಣ್ಣು ಬಿಡಿಸುವುದು, ಸಿಕ್ಕಿದ್ದನ್ನು ಬರೆದುಕೊಂಡು ಮಣ್ಣು ಮುಚ್ಚುವುದು. ಬರೆಯುವ ಕೆಲಸ ಹುಡುಗನ ತಂದೆಯದು. ನಲವತ್ತು ಚೌಕ ಮುಗಿಯಿತು. ಮೊಳೆ, ಮುಚ್ಚಳ, ಮುರಿದ ಸೌಟಿನ ಹಿಡಿ. ಮೂವರಿಗೂ ಸೊಂಟ ನೋಯತೊಡಗಿತು. ಬಿಸಿಲು ಇಳಿಯಿತು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೀರು ಹರಿಯುವ ಕಾಲುವೆ ಐವತ್ತೆರಡನೆಯ ಚೌಕ. ಸೀಟಿ ಕೇಳಿ ಹುಡುಗ ಕಪ್ಪು ಕೆಸರನ್ನು ಬೆರಳಲ್ಲೇ ಬಿಡಿಸಿದ. ಮೊದಲು ಕಂಡದ್ದು ಒಂದು ಹೇರ್‌ಪಿನ್ನು. ಯಂತ್ರಕ್ಕೆ ಕೇಳಿಸಿದ್ದು ಬಹುಶಃ ಅದೇ. ಅದರ ಮಗ್ಗುಲಲ್ಲಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ತುಕ್ಕು ಹಿಡಿಯದ ಹಳದಿ ಚೂರು. ಬೆಂಡೋಲೆಯಲ್ಲ, ಅದರ ತಿರುಪು.

ಬೆಂಡೋಲೆ ಸಿಗಲಿಲ್ಲ. ಆ ಕಾಲುವೆ ಮಳೆಗಾಲದಲ್ಲಿ ತೋಟಕ್ಕೆ, ತೋಟದಿಂದ ಹೊಳೆಗೆ ಹರಿಯುತ್ತದೆ.

ಹುಡುಗ ತಿರುಪನ್ನು ತಕ್ಷಣ ಕೊಡಲಿಲ್ಲ. ಸಿಕ್ಕಿದ ಜಾಗದಲ್ಲಿ ಒಂದು ಕಡ್ಡಿ ನೆಟ್ಟು ಅಜ್ಜಿಯನ್ನು ಅಲ್ಲಿಗೇ ಕರೆದ. ಅಜ್ಜಿ ತಿರುಪು ನೋಡಿದರು, ಕಡ್ಡಿ ನೋಡಿದರು, ಒಗೆಯುವ ಕಲ್ಲು ನೋಡಿದರು. "ಅಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ನನ್ನ ಸೀರೆ ನಾನೇ ಒಗೀತಿದ್ದೆ" ಎಂದರು. ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಚಪ್ಪಲಿ ಮೆಟ್ಟಿ ಎರಡು ಮನೆಯಾಚೆಯ ಆ ಹೆಂಗಸಿನ ಮನೆಗೆ ನಡೆದರು. ಅಲ್ಲಿ ಏನು ಮಾತಾಯಿತೋ ನಾನು ಕೇಳಲಿಲ್ಲ. ಅವಳು ಮತ್ತೆ ಕೆಲಸಕ್ಕೆ ಬಂದಿಲ್ಲ. ಎರಡು ವರ್ಷದ ಸಂಶಯವನ್ನು ಒಂದು ತಿರುಪು ತೊಳೆಯಲಾರದು. ಆದರೆ ಬಾವಿಕಟ್ಟೆಯಲ್ಲಿ ಇಬ್ಬರೂ ಮಾತಾಡುವುದನ್ನು ಈಚೆಗೆ ನೋಡಿದ್ದೇನೆ.

ದಾರಿಯಲ್ಲಿ ಹುಡುಗ ತಾನಾಗಿ ಹೇಳಿದ: "ಸರ್, ತಿರುಪನ್ನು ಸುಮ್ಮನೆ ಕೈಗೆ ಕೊಟ್ಟಿದ್ದರೆ ಅಜ್ಜಿಗೆ ಬಂಗಾರ ಸಿಗುತ್ತಿತ್ತು ಅಷ್ಟೆ. ಎಲ್ಲಿ ಸಿಕ್ಕಿತು ಅನ್ನೋದು ಮುಖ್ಯ." ಬೆಳಿಗ್ಗೆ ಕಂದಕದ ಬಳಿ ನಾನು ಹೇಳಿ ಒಪ್ಪಿಸಲಾರದ್ದನ್ನು ಐವತ್ತೆರಡನೆಯ ಚೌಕ ಒಪ್ಪಿಸಿತ್ತು.

ಪಾಲಕರೇ, ಈ ಯಂತ್ರ ಕೆಟ್ಟದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಮಣ್ಣಿನಡಿಯ ಸಿಡಿಗುಂಡುಗಳನ್ನು ಹುಡುಕಿ ಸಾವಿರಾರು ಜೀವ ಉಳಿಸಿದ್ದು ಇದೇ. 2024ರ ಜುಲೈ 16ರಂದು ನಮ್ಮ ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನಲ್ಲೂ ಗಂಗಾವಳಿ ನದಿಯಲ್ಲೂ ಲಾರಿಯೊಂದನ್ನು ಹುಡುಕಲು ರೇಡಾರ್, ಸೋನಾರ್‌ಗಳ ಜೊತೆ ಲೋಹಶೋಧಕವೂ ಬಂದಿತ್ತು. ಕೊನೆಗೆ ಸೆಪ್ಟೆಂಬರ್ 25ರಂದು ನದಿಯ ಹೂಳು ತೆಗೆದ ಮೇಲೆಯೇ ಲಾರಿ ಮೇಲೆ ಬಂದದ್ದು. ಒಂದು ಮನೆಯವರು ಎಪ್ಪತ್ತೊಂದು ದಿನ ಕಾದಿದ್ದರು. ನಿಮ್ಮ ಮಗ ಇಂಥ ಯಂತ್ರ ಮಾಡಿದರೆ ಬೈಯಬೇಡಿ. ಯಾರ ನೆಲದಲ್ಲಿ, ಯಾರನ್ನು ಕೇಳಿ, ಯಾತಕ್ಕಾಗಿ ಎಂದು ಮಾತ್ರ ವಿಚಾರಿಸಿ. ರಾತ್ರಿ ಕರೆಯುವವರು ಬಂದರೆ ಪೊಲೀಸರಿಗೆ ತಿಳಿಸಿ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಒಂದು ತುಂಡು ಅಲ್ಯುಮಿನಿಯಂ ಕೊಳವೆಯನ್ನು ನೆಟ್ಟಗೆ ಹಿಡಿದು ಅದರೊಳಗೆ ಒಂದು ಬಲವಾದ ಚಿಕ್ಕ ಅಯಸ್ಕಾಂತವನ್ನು ಬಿಡಿ. ಅಷ್ಟೇ ಗಾತ್ರದ ಕಲ್ಲನ್ನೂ ಬಿಡಿ. ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೂ ಅಯಸ್ಕಾಂತ ಏಕೆ ನಿಧಾನವಾಗಿ ಇಳಿಯುತ್ತದೆ? ಉತ್ತರ ಈ ಲೇಖನದಲ್ಲೇ ಇದೆ, ಹುಡುಕಿ.

ಅಂದ ಹಾಗೆ, ಘಟ್ಟದ ಮೇಲಿನವನು ಮತ್ತೆ ಬಂದಿದ್ದನಂತೆ. "ಏನು ಹೇಳಿದಿರಿ?" ಎಂದು ಹುಡುಗನ ತಂದೆಯನ್ನು ಕೇಳಿದೆ.

"ಯಂತ್ರ ಶಾಲೆಗೆ ಸೇರಿದ್ದು, ಮಾಸ್ತರರ ಕಪಾಟಿನಲ್ಲಿದೆ ಅಂದೆ."

ಈಗ ಅದು ನಿಜವಾಗಿಯೂ ನನ್ನ ಕಪಾಟಿನಲ್ಲಿದೆ. ಸೊಸೈಟಿಯ ಸಾಲ ಇನ್ನೂ ಉಂಟು. ಕಂತು ಕಟ್ಟುತ್ತಿದ್ದಾರೆ.